ತೋಟದ ಮನೆಗೆ ಒಂದೇ ಬ್ಯಾಟರಿ ಸಾಕಾಯಿತು

"ಎರಡು ಬ್ಯಾಟರಿ ಇಲ್ದ ನಿಮ್ಮ ತೋಟದ ಮನಿ ರಾತ್ರಿ ದಾಟೂದಿಲ್ಲ ಬಿಡ್ರಿ" ಎಂದು ಅಂಗಡಿಯವರು ಹೇಳಿದ್ದು ಹೋದ ವರ್ಷ. ನಮ್ಮ ಮಾವನೂ ಅದನ್ನೇ ಅಂದರು. ಜೊತೆಗೆ ಕೆಲಸ ಮಾಡುವ ವೈರ್‌ಮನ್ ಹುಡುಗರೂ ಅಂದರು. ಈಗ ಒಂದು ಬೇಸಿಗೆ, ಒಂದು ಮಳೆಗಾಲ ದಾಟಿದೆ. ಕರೆಂಟ್ ಹೋದರೂ ಇನ್ವರ್ಟರಿನ 12 ವೋಲ್ಟಿನ ಒಂದೇ ಬ್ಯಾಟರಿ ಮೇಲೆ ಮೂರು ಫ್ಯಾನು ಬೆಳಕು ಹರಿಯುವತನಕ ತಿರುಗುತ್ತಿವೆ.

ಮುಧೋಳದಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಮನೆ ಮಾತ್ರ ಊರಾಚೆ, ಕಬ್ಬಿನ ತೋಟದಲ್ಲಿ. ಲೈನಿನ ಕೊನೆಯ ಕಂಬ ನಮ್ಮದೇ. ಸುತ್ತಲಿನ ಪಂಪುಗಳು ಚಾಲೂ ಆದವೆಂದರೆ ವೋಲ್ಟೇಜು 150ಕ್ಕೆ ಇಳಿಯುತ್ತದೆ, ವೈಶಾಖದಲ್ಲಿ 130 ಕಂಡದ್ದೂ ಉಂಟು. ಈ ಮಾತನ್ನು ನೆನಪಿಡಿ, ನನ್ನ ರೊಕ್ಕ ಹೋದದ್ದೆಲ್ಲ ಇಲ್ಲೇ.

ಮೊದಲು ತಂದದ್ದು ಸ್ಕ್ವೇರ್ ವೇವ್ ಇನ್ವರ್ಟರ್, ಅಂದರೆ ನಯವಾದ ಅಲೆಯ ಬದಲು ಚೌಕ ಅಲೆಯ ಕರೆಂಟ್ ಕೊಡುವಂಥದ್ದು, ಸೆಕೆಂಡ್ ಹ್ಯಾಂಡ್, ಮೂರು ಸಾವಿರದ ಆಜೂಬಾಜು. ಅದಕ್ಕೊಂದು ಫ್ಲ್ಯಾಟ್ ಪ್ಲೇಟ್ ಬ್ಯಾಟರಿ, ಒಂಬತ್ತು ಸಾವಿರ ಕೊಟ್ಟ ನೆನಪು. ಕರೆಂಟ್ ಹೋದ ಕೂಡಲೇ ಫ್ಯಾನುಗಳು ಗುಂಯ್ ಅನ್ನತೊಡಗಿದವು. ಅವ್ವ ಎರಡು ರಾತ್ರಿ ನೋಡಿದಳು, ಮೂರನೆಯ ರಾತ್ರಿ ಹಾಸಿಗೆ ಎತ್ತಿಕೊಂಡು ಅಂಗಳಕ್ಕೆ ನಡೆದಳು. ಸ್ಕ್ವೇರ್ ವೇವ್ ಮೇಲೆ ಫ್ಯಾನಿನ ವೈಂಡಿಂಗ್ (ಒಳಗಿನ ತಂತಿಯ ಸುತ್ತು) ಬಿಸಿಯಾಗುವುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೂ ಫ್ಯಾನನ್ನೇ ಸರಿ ಮಾಡಿ ಗೆಲ್ಲುತ್ತೇನೆಂಬ ಹಟ. ಕಂಡೆನ್ಸರ್ ಬದಲಿಸಿದೆ, ಬೇರಿಂಗ್ ಹಾಕಿದೆ, ಒಂದು ಫ್ಯಾನನ್ನಂತೂ ಹೊಸದಾಗಿ ಸುತ್ತಿ ವಾರ್ನಿಷ್ ಮಾಡಿ ಒಣಗಿಸಿದೆ. ಗುಂಯ್ ಸ್ವಲ್ಪ ತಗ್ಗಿತು, ಹೋಗಲಿಲ್ಲ. ಒಂದು ತಿಂಗಳ ಸಂಜೆಗಳು ಅದರಲ್ಲೇ ಕಳೆದವು.

ಆಮೇಲೆ ಲೈನಿನಂತೆಯೇ ನಯವಾದ ಅಲೆ ಕೊಡುವ ಸೈನ್ ವೇವ್ ಇನ್ವರ್ಟರ್ ತಂದೆ, 900 ವಿಎ ಸಾಮರ್ಥ್ಯದ್ದು, ಆರು ಸಾವಿರ ಚಿಲ್ಲರೆ. ಸಪ್ಪಳ ಅವತ್ತೇ ನಿಂತಿತು. ಆದರೆ ಬ್ಯಾಟರಿ ಹದಿನಾಲ್ಕು ತಿಂಗಳಿಗೇ ಕೈಕೊಟ್ಟಿತು. ಆ್ಯಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಅದ್ದಿದರೆ 1180 ದಾಟುತ್ತಿರಲಿಲ್ಲ, ತುಂಬಿದ ಬ್ಯಾಟರಿ 1240 ತೋರಿಸಬೇಕು. ಎಲ್ಲರೂ "ಬ್ಯಾಟರಿ ಕಳಪಿ" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಒಂದು ಸಂಜೆ ಇನ್ವರ್ಟರ್ ಮುಂದೆಯೇ ಮೀಟರ್ ಹಿಡಿದು ಕುಳಿತೆ. ಕರೆಂಟ್ ಇದೆ, ಟಿವಿ ನಡೆದಿದೆ, ಆದರೆ ಇನ್ವರ್ಟರ್ ಬ್ಯಾಟರಿ ಮೇಲೆ ಓಡುತ್ತಿದೆ! ಇನ್ವರ್ಟರಿನ ಸ್ವಿಚ್ಚಿಗೆ ಯುಪಿಎಸ್, ನಾರ್ಮಲ್ ಎಂದು ಎರಡು ಮೋಡು, ಅದು ಯುಪಿಎಸ್ ಮೋಡಿನಲ್ಲಿತ್ತು. ಆ ಮೋಡಿನಲ್ಲಿ ವೋಲ್ಟೇಜು 180ರ ಕೆಳಗೆ ಇಳಿದರೆ ಅದು ಲೈನನ್ನು ಬಿಟ್ಟೇ ಬಿಡುತ್ತದೆ. ದಿನಾ ಸಂಜೆ ಮೂರ್ನಾಲ್ಕು ತಾಸು ಕರೆಂಟ್ ಇದ್ದೂ ಬ್ಯಾಟರಿ ಬಸಿದು ಹೋಗುತ್ತಿತ್ತು, ಪೂರಾ ಚಾರ್ಜ್ ಆದದ್ದೇ ಇಲ್ಲ.

ನಾರ್ಮಲ್ ಮೋಡಿಗೆ ಹಾಕಿದರೆ 100 ವೋಲ್ಟಿನವರೆಗೂ ಲೈನ್ ಹಿಡಿದಿಡುತ್ತದೆ. ಆದರೆ 140ರಲ್ಲಿ ಹಳೆಯ ಫ್ಯಾನು ಸೊಳ್ಳೆಯನ್ನೂ ಓಡಿಸುವುದಿಲ್ಲ. ಇಲ್ಲೇ ಎಲ್ಲರೂ ಸ್ಟೆಬಿಲೈಸರ್ ಹಾಕು, ಎರಡು ಬ್ಯಾಟರಿಯ 24 ವೋಲ್ಟಿಗೆ ಹೋಗು ಎಂದದ್ದು. ಲೆಕ್ಕ ಹಾಕಿದೆ, 45 ಸಾವಿರ ದಾಟುತ್ತಿತ್ತು.

ನಾನು ಫ್ಯಾನ್ ಬದಲಿಸಿದೆ. ಮೂರು ಬಿಎಲ್‌ಡಿಸಿ, ಅಂದರೆ ಕಡಿಮೆ ಕರೆಂಟ್ ತಿನ್ನುವ ಎಲೆಕ್ಟ್ರಾನಿಕ್ ಮೋಟರಿನ ಫ್ಯಾನು, ಒಂದಕ್ಕೆ 2,700ರಂತೆ. ಹಳೆಯದು 75 ವ್ಯಾಟ್ ತಿಂದರೆ ಇದು ಪೂರಾ ವೇಗದಲ್ಲಿ 30ರ ಹತ್ತಿರ. ಅದಕ್ಕಿಂತ ದೊಡ್ಡ ಮಾತೆಂದರೆ 130 ವೋಲ್ಟಿನಲ್ಲೂ ಅದೇ ವೇಗ. ಎಲ್‌ಇಡಿ ಬಲ್ಬುಗಳೂ ಹಾಗೇ. ಸ್ವಿಚ್ಚನ್ನು ನಾರ್ಮಲ್ ಮೋಡಿಗೆ ಹಾಕಿಬಿಟ್ಟೆ. ಈಗ ಸಂಜೆ ಲೈನ್ 130ಕ್ಕೆ ಬಿದ್ದರೂ ಬ್ಯಾಟರಿಗೆ ಕೆಲಸವಿಲ್ಲ. ಹಳೆಯ ಬ್ಯಾಟರಿ ಎಕ್ಸ್‌ಚೇಂಜ್ ಕೊಟ್ಟು 150 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ ಟಾಲ್ ಟ್ಯೂಬುಲರ್, ಅಂದರೆ ಕೊಳವೆ ಪ್ಲೇಟಿನ ಎತ್ತರದ ಬ್ಯಾಟರಿ ತಂದೆ, ಹದಿನಾಲ್ಕು ಸಾವಿರದಷ್ಟು ಬಿತ್ತು. ತಗಡಿನ ಕೆಳಗಿದ್ದ ಸ್ಟ್ಯಾಂಡನ್ನು ಪಡಸಾಲೆಯ ತಂಪಿಗೆ ತಂದು, ಕೇಬಲ್ ಗಿಡ್ಡ ಮಾಡಿ, ಅದರ ತುದಿಗೆ ಲಗ್ (ಲೋಹದ ಕೊಂಡಿ) ಹೊಸದಾಗಿ ಒತ್ತಿದೆ. ಟರ್ಮಿನಲ್ಲಿಗೆ ವ್ಯಾಸಲೀನ್ ಜೊತೆ ಇನ್ನೊಂದು ವಸ್ತು ಬೆರೆಸುತ್ತೇನೆ. ಅದು ನಮ್ಮ ಅಂಗಡಿಯ ಗುಟ್ಟು, ಇಲ್ಲಿ ಬರೆಯುವುದಿಲ್ಲ.

ನಡುವೆ ಒಂದು ಪೆಟ್ಟು ತಿಂದೆ. ಪಡಸಾಲೆಯ ಬೋರ್ಡಿಗೆ ಎರಡು ಕಡೆಯಿಂದ ಫೇಸ್ (ಕರೆಂಟ್ ತರುವ ತಂತಿ) ಬಂದಿತ್ತು, ಮೇನ್ ಫೇಸ್ ಬಿಚ್ಚದೆ ಇನ್ವರ್ಟರ್ ಫೇಸ್ ಕೂಡಿಸಿಬಿಟ್ಟಿದ್ದೆ. ಕರೆಂಟ್ ಬಂದ ಗಳಿಗೆಗೆ ಇನ್ವರ್ಟರಿನೊಳಗಿನ ಮಾಸ್‌ಫೆಟ್ ಎಂಬ ಬಿಡಿಭಾಗ ಸುಟ್ಟು ವಾಸನೆ. 1,800 ರೂಪಾಯಿ ಹೋಯಿತು. ಅಂದಿನಿಂದ ಯಾರ ಮನೆಗೆ ಹೋದರೂ ಮೊದಲು ಮೇನ್ ತೆಗೆದು, ಇನ್ವರ್ಟರ್ ಕೂಡಿಸುವ ಮುಂಚೆ, ಪ್ರತಿ ಬೋರ್ಡಿನ ಫೇಸ್ ಹುಡುಕುತ್ತೇನೆ.

ಫ್ರಿಜ್ಜನ್ನೂ ಇನ್ವರ್ಟರ್ ಮೇಲೆ ಹಾಕಿ ನೋಡಿದೆ, 190 ಲೀಟರಿನ ಒಂಟಿ ಬಾಗಿಲಿನದು. ನಡೆಯುವಾಗ ನೂರು ವ್ಯಾಟಿನ ಸುಮಾರು, ಆದರೆ ಕಂಪ್ರೆಸರ್ ಚಾಲೂ ಆಗುವ ಗಳಿಗೆಯ ಜಗ್ಗಿಗೆ ಮೂರರಲ್ಲಿ ಎರಡು ಸಲ ಓವರ್‌ಲೋಡ್. ಬಿಟ್ಟೆ. ಎಸಿಯಿಂದ ತೊಟ್ಟಿಕ್ಕುವ ನೀರನ್ನು ಬ್ಯಾಟರಿಗೆ ಹಾಕಬಹುದೆಂದು ಹುಡುಗನೊಬ್ಬ ಹೇಳಿದ್ದ. ಹಿಡಿದು ತಂದು, ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದೆ, 30ರ ಮೇಲೆ ತೋರಿಸಿತು. ಡಿಸ್ಟಿಲ್ಡ್ ನೀರಿಗೆ ಸೊನ್ನೆಯ ಹತ್ತಿರ ಬರಬೇಕು. ಆ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದೆ.

ರೋಹಿಣಿ ಮಳೆಯ ಗಾಳಿಗೆ ತಂತಿ ಹರಿದ ರಾತ್ರಿ ನಿಜವಾದ ಪರೀಕ್ಷೆ. ಒಂಬತ್ತೂವರೆಗೆ ಹೋದ ಕರೆಂಟ್ ಬೆಳಗಾದರೂ ಬರಲಿಲ್ಲ. ಮೂರು ಫ್ಯಾನು, ಹತ್ತೂವರೆಯ ತನಕ ನಾಲ್ಕು ಬಲ್ಬು, ರಾತ್ರಿಯಿಡೀ ವೈಫೈ. ಬೆಳಿಗ್ಗೆ ಆರಕ್ಕೆ ಲೋಡ್ ಮೇಲೆಯೇ ಬ್ಯಾಟರಿಗೆ ಮೀಟರ್ ಹಿಡಿದೆ, 11.8 ವೋಲ್ಟ್, ಇನ್ನೂ ಖಾಲಿಯಾಗಿರಲಿಲ್ಲ. ಅವ್ವ ಇನ್ನೂ ಒಳಗೇ ಮಲಗಿದ್ದಳು.

ಹೋದ ವಾರ ಮಾವ ಬಂದು, "ಅಳಿಯಂದ್ರ, ನಮ್ಮ ಮನಿಗೂ ಹಿಂಗ ಮಾಡಿಕೊಡ್ರಿ" ಅಂದರು. ಅವರ ಮನೆ ಊರೊಳಗೆ, ವೋಲ್ಟೇಜು 220 ಬಿಟ್ಟು ಇಳಿಯುವುದಿಲ್ಲ, ಮಗಳ ಕಂಪ್ಯೂಟರ್ ಬೇರೆ ಇದೆ. ನಾರ್ಮಲ್ ಮೋಡಿನಲ್ಲಿ ಲೈನಿನಿಂದ ಬ್ಯಾಟರಿಗೆ ಬದಲಾಗುವ ಹೊತ್ತು ಜಾಸ್ತಿ, ಅಷ್ಟರಲ್ಲಿ ಕಂಪ್ಯೂಟರ್ ಆಫ್ ಆಗಿರುತ್ತದೆ. ಅಲ್ಲಿಗೆ ಯುಪಿಎಸ್ ಮೋಡೇ ಸರಿ ಎಂದೆ. ಫ್ಯಾನ್ ಮಾತ್ರ ಮೂರು ತರಲು ಹೇಳಿದ್ದೇನೆ.