ಆಶ್ರಯಧಾಮದ ನಾಯಿಯನ್ನು ವಾಕಿಂಗ್ ಕರೆದೊಯ್ಯುವುದು ಹೇಗೆ?

ಪ್ರಾಣಿ ಆಶ್ರಯಧಾಮ ಸೇರಿದ ನಾಯಿಗೆ ಊಟ, ಔಷಧ ಮತ್ತು ಮಲಗಲು ಒಣಜಾಗ ಸಿಗುತ್ತವೆ. ಸುಲಭಕ್ಕೆ ಸಿಗದಿರುವುದು ಹೊರಗಿನ ಗಾಳಿ ಮತ್ತು ತನ್ನ ಕಡೆಗಷ್ಟೇ ಗಮನ ಕೊಡುವ ಒಬ್ಬ ಮನುಷ್ಯ. ಸಿಬ್ಬಂದಿಯ ಹೊತ್ತೆಲ್ಲ ಗೂಡು ತೊಳೆಯುವುದರಲ್ಲಿ, ಆಹಾರ ಹಾಕುವುದರಲ್ಲಿ, ಗಾಯಗಳಿಗೆ ಮದ್ದು ಹಚ್ಚುವುದರಲ್ಲಿ ಕಳೆದುಹೋಗುವುದರಿಂದ, ನಾಯಿಗಳನ್ನು ನಡೆಸಿಕೊಂಡು ಬರುವ ಕೆಲಸವನ್ನು ಅನೇಕ ಆಶ್ರಯಧಾಮಗಳು ಸ್ವಯಂಸೇವಕರಿಗೆ ವಹಿಸುತ್ತವೆ. ಹೊಸದಾಗಿ ಬಂದ ನಾಯಿಯ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಮೊದಲ ಕೆಲವು ದಿನ ಏರಿರುತ್ತದೆ ಎಂಬುದನ್ನೂ, ಮನುಷ್ಯರು ಶಾಂತವಾಗಿ ಜೊತೆಗಿದ್ದು ಮೈದಡವಿದಾಗ ಅದು ತಗ್ಗಬಲ್ಲದು ಎಂಬುದನ್ನೂ ಸಂಶೋಧಕರು ಅಳೆದು ತೋರಿಸಿದ್ದಾರೆ. ನೀವು ಕೊಡುವ ಅರ್ಧ ಗಂಟೆ ಆ ನಾಯಿಗೆ ಸೇರಿದ್ದು ಎಂಬುದನ್ನು ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡರೆ, ಈ ಕೆಲಸದ ನಿಯಮಗಳೆಲ್ಲ ಏಕಿವೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಸೇರುವ ಮುನ್ನ

ನೀವು ಆಯ್ದುಕೊಂಡ ಆಶ್ರಯಧಾಮಕ್ಕೆ ಮುಂಚಿತವಾಗಿ ತಿಳಿಸಿ, ಅವರು ಹೇಳಿದ ಸಮಯಕ್ಕೆ ಹೋಗಿ ಮಾತನಾಡಿ. ಸ್ವಯಂಸೇವಕರಿಗೆ ವಯಸ್ಸಿನ ಮಿತಿ ಇದೆಯೇ, ತರಬೇತಿ ಯಾರು ಕೊಡುತ್ತಾರೆ, ನಾಯಿ ಕಚ್ಚಿದರೆ ಅಲ್ಲಿಯ ಕ್ರಮವೇನು, ತುರ್ತು ಸಂದರ್ಭದಲ್ಲಿ ಯಾರಿಗೆ ಕರೆ ಮಾಡಬೇಕು ಎಂಬ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ. ಇವಕ್ಕೆ ಸ್ಪಷ್ಟ ಉತ್ತರ ಕೊಡುವ ಸ್ಥಳದಲ್ಲಿ ಕೆಲಸ ಮಾಡುವುದು ನಿಮಗೂ ನಾಯಿಗೂ ಕ್ಷೇಮ. ವಾರಕ್ಕೆ ಎಷ್ಟು ಹೊತ್ತು ಕೊಡಬಲ್ಲಿರಿ ಎಂದು ಅವರು ಕೇಳಿದಾಗ ಉತ್ಸಾಹದಲ್ಲಿ ಹೆಚ್ಚು ಹೇಳಬೇಡಿ. ವಾರಕ್ಕೊಂದೇ ಬೆಳಗ್ಗೆಯಾದರೂ ತಪ್ಪದೆ ಬರುವವರು, ಒಂದು ತಿಂಗಳು ದಿನವೂ ಬಂದು ಆಮೇಲೆ ಕಾಣದಾಗುವವರಿಗಿಂತ ಹೆಚ್ಚು ಉಪಯುಕ್ತರು, ಏಕೆಂದರೆ ನಾಯಿಗಳು ಹೆಜ್ಜೆಯ ಸದ್ದನ್ನೂ ಮೈವಾಸನೆಯನ್ನೂ ಬೇಗ ಗುರುತಿಟ್ಟುಕೊಂಡು ಕಾಯುತ್ತವೆ.

ಲಸಿಕೆಯ ವಿಷಯವನ್ನು ಮೊದಲೇ ವೈದ್ಯರೊಂದಿಗೆ ಚರ್ಚಿಸಿ. ರೇಬಿಸ್ ಇರುವ ಪ್ರದೇಶಗಳಲ್ಲಿ ನಾಯಿಗಳೊಡನೆ ಕೆಲಸ ಮಾಡುವವರು ಕಡಿತಕ್ಕೆ ಮುಂಚೆಯೇ ಲಸಿಕೆ ಪಡೆಯುವುದು ಒಳಿತು. ವಿಶ್ವ ಆರೋಗ್ಯ ಸಂಸ್ಥೆಯ 2018ರ ನಿಲುವಿನ ಪ್ರಕಾರ ಇದನ್ನು ಮೊದಲ ದಿನ ಒಂದು ಡೋಸ್, ಏಳು ದಿನಗಳ ನಂತರ ಇನ್ನೊಂದು ಡೋಸ್ ಆಗಿ ಕೊಡಬಹುದು. ಧನುರ್ವಾಯುವಿನ ಲಸಿಕೆಯೂ ಚಾಲ್ತಿಯಲ್ಲಿರಲಿ. ಹಲ್ಲು ತಾಗಿ ಚರ್ಮ ಕಿತ್ತುಬಂದರೆ, ಗಾಯ ಎಷ್ಟೇ ಚಿಕ್ಕದಿದ್ದರೂ, ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಸಿಬ್ಬಂದಿಗೆ ತಿಳಿಸಿ, ವೈದ್ಯರನ್ನು ಕಾಣಬೇಕು. ಮುಂಚೆ ಲಸಿಕೆ ಪಡೆದವರಿಗೂ ಇದರಿಂದ ವಿನಾಯಿತಿ ಇಲ್ಲ. ನಾಯಿಯ ಮೇಲೆ ದೂರು ಬರಬಾರದೆಂಬ ಕನಿಕರದಿಂದ ಕಡಿತವನ್ನು ಮುಚ್ಚಿಡುವವರು ಇದ್ದಾರೆ. ಅದು ಖಂಡಿತ ತಪ್ಪು, ಏಕೆಂದರೆ ಕಚ್ಚಿದ ನಾಯಿಯನ್ನು 10 ದಿನ ನಿಗಾದಲ್ಲಿಟ್ಟು ನೋಡುವುದರ ಮೇಲೆ ನಿಮ್ಮ ಚಿಕಿತ್ಸೆಯ ತೀರ್ಮಾನವೂ ನಿಂತಿರಬಹುದು.

ಉಡುಪಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಜಾರದ ಮುಚ್ಚು ಬೂಟು, ಕಾಲು ಪೂರ್ತಿ ಮುಚ್ಚುವ ಪ್ಯಾಂಟು ಇರಲಿ. ಜೋತಾಡುವ ಓಲೆ, ಶಾಲು ಬೇಡ. ಮೊಬೈಲು ಜೇಬಿನಲ್ಲಿರಲಿ, ಕೈಯಲ್ಲಿ ಬೇಡ.

ಕಾರ್ಡು ಓದದೆ ಬಾಗಿಲು ಮುಟ್ಟಬೇಡಿ

ಮೊದಲ ಕೆಲವು ಸಲ ಅನುಭವಿ ಸ್ವಯಂಸೇವಕರೊಬ್ಬರ ಜೊತೆಯಲ್ಲೇ ಹೋಗಿ, ಅವರು ಮಾಡುವುದನ್ನು ನೋಡಿ. ಹಲವು ಆಶ್ರಯಧಾಮಗಳಲ್ಲಿ ಗೂಡಿನ ಬಾಗಿಲಿಗೆ ಬಣ್ಣದ ಪಟ್ಟಿಯನ್ನೋ ಕಾರ್ಡನ್ನೋ ತೂಗುಹಾಕಿರುತ್ತಾರೆ: ಸಾಧು ನಾಯಿಗೆ ಒಂದು ಬಣ್ಣ, ಅನುಭವಸ್ಥರು ಮಾತ್ರ ಕರೆದೊಯ್ಯಬೇಕಾದ ನಾಯಿಗೆ ಮತ್ತೊಂದು, ಸಿಬ್ಬಂದಿಯ ಹೊರತು ಯಾರೂ ಮುಟ್ಟಬಾರದ ನಾಯಿಗೆ ಇನ್ನೊಂದು. ಬಣ್ಣಗಳ ಅರ್ಥ ಒಂದೊಂದು ಕಡೆ ಒಂದೊಂದು ಬಗೆಯಾಗಿರುತ್ತದಾದ್ದರಿಂದ ಕೇಳಿ ತಿಳಿದುಕೊಳ್ಳಿ. ಶಸ್ತ್ರಚಿಕಿತ್ಸೆಯಾಗಿದೆಯೇ, ಈಗಷ್ಟೇ ಊಟ ಮಾಡಿದೆಯೇ, ಬೇರೆ ನಾಯಿಗಳನ್ನು ಕಂಡರೆ ಹೇಗೆ, ಯಾವ ಆಹಾರ ಆಗಿಬರುವುದಿಲ್ಲ ಎಂಬುದನ್ನು ಕಾರ್ಡಿನಲ್ಲಿ ನೋಡಿಕೊಳ್ಳಿ. ಲಸಿಕೆ ಪೂರ್ಣಗೊಳ್ಳದ ಮರಿಗಳನ್ನು ಎಲ್ಲ ನಾಯಿಗಳೂ ಓಡಾಡುವ ನೆಲದ ಮೇಲೆ ಇಳಿಸಬಾರದು.

ಬಾಗಿಲಿನಲ್ಲಿ

ಇಡೀ ಕೆಲಸದಲ್ಲಿ ಅತ್ಯಂತ ಎಚ್ಚರ ಬೇಕಾದದ್ದು ರಸ್ತೆಯಲ್ಲಿ ಎಂದು ಹೊಸಬರು ಭಾವಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಗೂಡಿನ ಬಾಗಿಲಿನಲ್ಲಿ. ಗಂಟೆಗಟ್ಟಲೆ ಒಳಗಿದ್ದ ನಾಯಿ ಲೀಶ್ (ನಾಯಿಯನ್ನು ಹಿಡಿದು ನಡೆಸುವ ಪಟ್ಟಿ) ಕಂಡ ಕೂಡಲೇ ಎಗರುತ್ತದೆ, ಸುತ್ತಲಿನ ಗೂಡುಗಳೆಲ್ಲ ಒಟ್ಟಿಗೆ ಬೊಗಳತೊಡಗುತ್ತವೆ, ಆ ಗದ್ದಲದಲ್ಲಿ ನಿಮ್ಮ ಕೈಯೂ ಅವಸರಪಡುತ್ತದೆ. ನಾಯಿ ತಪ್ಪಿಸಿಕೊಳ್ಳುವುದಕ್ಕೆ ಅಷ್ಟೇ ಸಾಕು.

ಗೂಡಿನ ಎದುರು ನಾಯಿಗೆ ನೇರವಾಗಿ ಮುಖಕೊಟ್ಟು ನಿಲ್ಲದೆ ಸ್ವಲ್ಪ ಓರೆಯಾಗಿ ನಿಂತು, ಕಣ್ಣಿಗೆ ಕಣ್ಣು ನೆಡದೆ, ಮೆಲುದನಿಯಲ್ಲಿ ಅದರ ಹೆಸರು ಹೇಳಿ. ನಾಲ್ಕು ಪಾದಗಳೂ ನೆಲದ ಮೇಲೆ ಬಂದಾಗ ಮಾತ್ರ ಚಿಲಕಕ್ಕೆ ಕೈಹಾಕಿ. ಮತ್ತೆ ಜಿಗಿದರೆ ಕೈ ಹಿಂದಕ್ಕೆ ತೆಗೆದು ಕಾಯಿರಿ. ಬಹಳಷ್ಟು ನಾಯಿಗಳು ನಾಲ್ಕಾರು ಸಲದಲ್ಲೇ ಈ ಒಪ್ಪಂದವನ್ನು ಅರ್ಥಮಾಡಿಕೊಳ್ಳುತ್ತವೆ. ಆಮೇಲೆ ನಿಮ್ಮ ಮೈ ಹಿಡಿಸುವಷ್ಟು ಮಾತ್ರ ಬಾಗಿಲು ತೆರೆದು, ಸಂದಿಗೆ ಮೊಣಕಾಲು ಮತ್ತು ಪಾದ ಅಡ್ಡಕೊಟ್ಟು ಒಳಗೆ ಸರಿದು, ಬಾಗಿಲನ್ನು ಹಿಂದೆಯೇ ಮುಚ್ಚಿ. ನಾಯಿಯ ಮೇಲೆ ಬಾಗಬೇಡಿ. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕೈಯನ್ನು ತಲೆಯ ಮೇಲಿನಿಂದ ತಾರದೆ ಗದ್ದದ ಕೆಳಗಿನಿಂದ ತಂದು ಹಾರ್ನೆಸ್ (ಎದೆ ಮತ್ತು ಬೆನ್ನನ್ನು ಬಳಸುವ ಪಟ್ಟಿ) ತೊಡಿಸಿ. ಕಾಲರ್ ಮತ್ತು ಕುತ್ತಿಗೆಯ ನಡುವೆ ಎರಡು ಬೆರಳು ತೂರುವಷ್ಟು ಸಡಿಲ ಸಾಕು, ಅದಕ್ಕಿಂತ ಹೆಚ್ಚಾದರೆ ಹೆದರಿದ ನಾಯಿ ಹಿಮ್ಮೆಟ್ಟಿ ತಲೆ ಎಳೆದುಕೊಂಡುಬಿಡುತ್ತದೆ. ಗ್ರೇಹೌಂಡ್‌ನಂಥ ತಳಿಗಳಲ್ಲಿ ತಲೆ ಕುತ್ತಿಗೆಗಿಂತ ಸಣ್ಣದಿರುವುದರಿಂದ ಎಳೆದಾಗ ಬಿಗಿಯಾಗುವ ಮಾರ್ಟಿಂಗೇಲ್ ಕಾಲರನ್ನು ಬಳಸುತ್ತಾರೆ. ಹೆದರುವ ಸ್ವಭಾವದ ನಾಯಿಗೆ ಹಾರ್ನೆಸ್ಸಿಗೊಂದು, ಕಾಲರಿಗೊಂದು ಎಂದು ಎರಡು ಕಡೆ ಲೀಶ್ ಸಿಕ್ಕಿಸುವುದು ಉತ್ತಮ. ಕೊಕ್ಕೆ ಪೂರ್ತಿ ಕೂತಿದೆಯೇ ಎಂದು ಒಮ್ಮೆ ಎಳೆದು ನೋಡಿಯೇ ಏಳಿ.

ಲೀಶ್ ಸುಮಾರು ಆರು ಅಡಿ ಉದ್ದದ ಸಾದಾ ಪಟ್ಟಿಯಾಗಿರಲಿ. ಗುಂಡಿ ಒತ್ತಿದರೆ ಉದ್ದವಾಗುವ ಲೀಶ್ ಪರಿಚಯವಿಲ್ಲದ ನಾಯಿಗೆ ತಕ್ಕುದಲ್ಲ, ನಾಯಿ ಓಡಿದಾಗ ಅದರ ತೆಳುದಾರ ಬೆರಳನ್ನು ಕೊಯ್ಯಬಲ್ಲದು. ಹಿಡಿಕೆಯನ್ನು ಮಣಿಕಟ್ಟಿಗೆ ಸುತ್ತದೆ ಹೆಬ್ಬೆರಳಿಗೆ ತೊಡಿಸಿ ಮುಷ್ಟಿ ಬಿಗಿಹಿಡಿಯಿರಿ, ಇನ್ನೊಂದು ಕೈಯಲ್ಲಿ ಪಟ್ಟಿಯ ನಡುಭಾಗ ಇರಲಿ. ಓಣಿಯಲ್ಲಿ ಬೇರೆ ಗೂಡುಗಳ ಮುಂದೆ ಹಾಯುವಾಗ ನಿಲ್ಲದೆ, ಲೀಶನ್ನು ಗಿಡ್ಡವಾಗಿಸಿ, ನಾಯಿಯನ್ನು ಗೂಡುಗಳಿಂದ ದೂರದ ಬದಿಗಿಟ್ಟುಕೊಂಡು ಬೇಗ ದಾಟಿಬಿಡಿ.

ಮೂಸಲು ಬಿಡಿ

ಹೊರಬಂದ ಮೇಲೆ ದೂರ ಕ್ರಮಿಸುವ ಹಟ ಬೇಡ. ನಾಯಿ ಮೊದಲ ಪೊದೆಯಲ್ಲೇ ನಿಂತುಬಿಟ್ಟರೆ ನೀವೂ ನಿಲ್ಲಿ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 50ರಿಂದ 60 ಲಕ್ಷ ಇದ್ದರೆ, ನಾಯಿಯ ಮೂಗಿನಲ್ಲಿ 20 ಕೋಟಿಗೂ ಹೆಚ್ಚು ಇವೆ ಎಂಬುದು ಸಾಮಾನ್ಯ ಅಂದಾಜು. ಹತ್ತಿರದಿಂದ ಗಮನಿಸಿದರೆ, ಅದು ಸೆಕೆಂಡಿಗೆ ನಾಲ್ಕೈದು ಸಲ ಪುಟ್ಟ ಪುಟ್ಟ ಉಸಿರೆಳೆಯುವುದೂ, ಹೊಳ್ಳೆಗಳ ಪಕ್ಕದ ಸೀಳುಗಳಿಂದ ಗಾಳಿ ಹೊರಬಿದ್ದು ನೆಲದ ಧೂಳು ಅತ್ತಿತ್ತ ಅಲುಗುವುದೂ ಕಾಣುತ್ತದೆ. ಹೊರಬಿಡುವ ಉಸಿರು ಪಕ್ಕಕ್ಕೆ ಹೋಗುವುದರಿಂದ ಎದುರಿನ ವಾಸನೆ ಕಲಕದೆ ಉಳಿಯುತ್ತದೆ. ಒಂದೇ ಗಿಡದ ಬುಡದಲ್ಲಿ ಎರಡು ನಿಮಿಷ ಮೂಸಿದ ನಾಯಿ, ಓಣಿಯಲ್ಲಿ ಬಿಗಿಹಿಡಿದಿದ್ದ ಬೆನ್ನನ್ನು ಸಡಿಲಿಸಿ, ಬಾಲವನ್ನು ಸಹಜ ಎತ್ತರಕ್ಕೆ ಇಳಿಸಿ, ಮೈಕೊಡವಿಕೊಂಡು ಮುಂದಕ್ಕೆ ಹೊರಡುವುದನ್ನು ನೋಡುವುದೇ ಒಂದು ಸಂತೋಷ. ಅಷ್ಟು ದೂರ ನಡೆಸಿದೆ, ಇಷ್ಟು ಸುತ್ತು ಹಾಕಿಸಿದೆ ಎಂಬ ಲೆಕ್ಕಕ್ಕಿಂತ ಈ ಮೈಕೊಡವುವಿಕೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ನಾಯಿ ಲೀಶ್ ಜಗ್ಗಿದರೆ ತಿರುಗಿ ಜಗ್ಗಬೇಡಿ. ನಿಂತುಬಿಡಿ, ಪಟ್ಟಿ ಸಡಿಲವಾದ ಕ್ಷಣದಲ್ಲಿ ಮತ್ತೆ ಹೆಜ್ಜೆ ಹಾಕಿ. ತಿನಿಸು ಕೊಡುವುದಾದರೆ ಸಿಬ್ಬಂದಿ ಕೊಟ್ಟದ್ದನ್ನೇ ಕೊಡಿ. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಮತ್ತು ಸಕ್ಕರೆಯ ಬದಲು ಜೈಲಿಟಾಲ್ ಬೆರೆಸಿದ ಯಾವುದೇ ತಿಂಡಿ ನಾಯಿಗೆ ವಿಷ.

ಮೈಯ ಸೂಚನೆಗಳು

ಹೆದರಿದ ನಾಯಿ ಗುರ್ರೆನ್ನುವ ಮೊದಲೇ ಬೇರೆ ಹಲವು ರೀತಿಯಲ್ಲಿ ಹೇಳಿರುತ್ತದೆ. ನಿದ್ದೆಯಿಲ್ಲದೆ ಆಕಳಿಸುವುದು, ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕುವುದು, ಮುಖ ತಿರುಗಿಸಿ ಕಣ್ಣಿನ ಬಿಳಿಭಾಗ ತೋರಿಸುವುದು, ಇದ್ದಕ್ಕಿದ್ದಂತೆ ಕಲ್ಲಾಗಿ ನಿಲ್ಲುವುದು ಇವೆಲ್ಲ ದೂರ ಬೇಕೆಂಬ ಸೂಚನೆಗಳು. ಬಾಲ ಅಲ್ಲಾಡುತ್ತಿದೆ ಎಂದ ಮಾತ್ರಕ್ಕೆ ನಾಯಿ ಖುಷಿಯಲ್ಲಿದೆ ಎನ್ನಲಾಗದು. ನೆಟ್ಟಗೆ ಎತ್ತಿದ ಬಾಲ ಬಿಗಿಯಾಗಿ, ಚಿಕ್ಕದಾಗಿ ಕಂಪಿಸುತ್ತಿದ್ದರೆ ಅದು ಕೆರಳಿದೆ ಎಂದೇ ತಿಳಿಯಬೇಕು. ಗುರ್ರೆಂದದ್ದಕ್ಕೆ ಗದರಬೇಡಿ. ಗದರಿಸಿಕೊಂಡ ನಾಯಿ ಮುಂದಿನ ಬಾರಿ ಎಚ್ಚರಿಕೆ ಕೊಡದೆಯೇ ಕಚ್ಚಬಹುದು.

ಎದುರಿನಿಂದ ಮತ್ತೊಂದು ನಾಯಿ ಬಂದರೆ, ನಿಮ್ಮ ನಾಯಿ ಅದನ್ನು ದಿಟ್ಟಿಸಲು ತೊಡಗುವ ಮೊದಲೇ ದಾರಿ ಬದಲಿಸಿ, ಇಲ್ಲವೇ ಸಾಕಷ್ಟು ದೂರದಲ್ಲಿ ಅರ್ಧವೃತ್ತವಾಗಿ ಬಳಸಿಕೊಂಡು ಹೋಗಿ. ಲೀಶ್ ಹಾಕಿದ ಎರಡು ನಾಯಿಗಳನ್ನು ಮೂಗಿಗೆ ಮೂಗು ತಾಗಿಸುವ ಪರಿಚಯ ಬೇಡವೇ ಬೇಡ. ಮುದ್ದಾಡಲು ಬಂದವರಿಗೆ, ಅದರಲ್ಲೂ ಮಕ್ಕಳಿಗೆ, ನಯವಾಗಿ ಬೇಡವೆನ್ನಿ. ಆ ಹೊತ್ತಿನಲ್ಲಿ ನಾಯಿಯ ಪರವಾಗಿ ಮಾತನಾಡಬಲ್ಲವರು ನೀವೊಬ್ಬರೇ. ಅಕಸ್ಮಾತ್ ನಾಯಿ ಕೈತಪ್ಪಿ ಓಡಿದರೆ ಅಟ್ಟಿಸಿಕೊಂಡು ಹೋಗಬಾರದು, ಅಟ್ಟಿದಷ್ಟೂ ಅದು ಓಡುತ್ತದೆ. ಕೂಡಲೇ ಆಶ್ರಯಧಾಮಕ್ಕೆ ಕರೆ ಮಾಡಿ, ನಾಯಿ ಕಣ್ಣಿಗೆ ಬೀಳುವಷ್ಟು ದೂರದಲ್ಲಿ ಓರೆಯಾಗಿ ಕುಕ್ಕರಿಸಿ, ತಿನಿಸಿನ ಪೊಟ್ಟಣವನ್ನು ಸದ್ದುಮಾಡುತ್ತ ಮೆಲ್ಲಗೆ ಕರೆಯಿರಿ.

ಬಿಸಿಲು

ನಾಯಿಯ ಮೈಯ ಸಹಜ ಉಷ್ಣತೆಯೇ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಮುಖ್ಯವಾಗಿ ತೇಕುವ ಮೂಲಕವೇ ಕಾವನ್ನು ಹೊರಹಾಕುತ್ತದೆ. ಆದ್ದರಿಂದ ಮುಂಜಾನೆ ಅಥವಾ ಇಳಿಹೊತ್ತಿನಲ್ಲಿ ನಡೆಸುವುದೇ ಲೇಸು. ಅಂಗೈಯ ಹಿಂಬದಿಯನ್ನು ನೆಲಕ್ಕೊತ್ತಿ ಏಳು ಸೆಕೆಂಡು ಹಿಡಿಯಲಾಗದಿದ್ದರೆ ಆ ನೆಲ ನಾಯಿಯ ಪಾದಕ್ಕೂ ಸುಡುತ್ತದೆ. ಪಗ್‌ನಂಥ ಚಪ್ಪಟೆ ಮೂತಿಯ ತಳಿಗಳು, ಮುದಿ ನಾಯಿಗಳು, ದಪ್ಪಗಿರುವವು ಬೇಗ ಬಳಲುತ್ತವೆ. ತೇಕು ವಿಪರೀತವಾಗಿ, ಜೊಲ್ಲು ಸುರಿದು, ಹೆಜ್ಜೆ ತತ್ತರಿಸಿದರೆ ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿಯುತ್ತಲೇ ಪಶುವೈದ್ಯರಿಗೆ ಸುದ್ದಿ ಮುಟ್ಟಿಸಿ.

ಮರಳಿ ಗೂಡಿಗೆ

ಕೊನೆಯ ಐದು ನಿಮಿಷ ನಿಧಾನವಾಗಿ ನಡೆಯಿರಿ. ಗೂಡಿನೊಳಗೆ ನಾಯಿಯೊಂದಿಗೆ ನೀವೂ ಹೋಗಿ, ಬಾಗಿಲು ಮುಚ್ಚಿದ ಮೇಲಷ್ಟೇ ಲೀಶ್ ಬಿಚ್ಚಿ, ನೆಲದ ಮೇಲೆ ನಾಲ್ಕು ಚೂರು ತಿನಿಸು ಚೆಲ್ಲಿ. ಅದು ಮೂಸಿ ಹುಡುಕುವುದರಲ್ಲಿ ಮಗ್ನವಾದಾಗ ನೀವು ಹೊರಬನ್ನಿ. ನೀರಿನ ಬಟ್ಟಲು ತುಂಬಿದೆಯೇ, ಚಿಲಕ ಬಿದ್ದಿದೆಯೇ ಎಂದು ಎರಡು ಸಲ ನೋಡಿ.

ಮತ್ತೊಂದು ನಾಯಿಯನ್ನು ಮುಟ್ಟುವ ಮೊದಲು ಸೋಪಿನಿಂದ ಕೈ ತೊಳೆಯಲೇಬೇಕು. 1978ರಲ್ಲಿ ಗುರುತಿಸಲಾದ, ನಾಯಿಗಳಿಗೆ ತೀವ್ರ ವಾಂತಿ-ಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು, ಬೂಟಿಗೆ ಅಂಟಿ ಗೂಡಿನಿಂದ ಗೂಡಿಗೆ ಹೋಗಬಲ್ಲದು, ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಅದಕ್ಕೆ ನೆಚ್ಚಬಹುದಾದ ಮದ್ದಲ್ಲ. ಬಾಗಿಲ ಬಳಿ ಬ್ಲೀಚ್ ನೀರಿನ ತಟ್ಟೆ ಇಟ್ಟಿದ್ದರೆ ಅದರಲ್ಲಿ ಬೂಟು ಅದ್ದಿಯೇ ಮುಂದೆ ಹೋಗಿ. ಒಂದೇ ದಿನ ಹಲವು ನಾಯಿಗಳನ್ನು ನಡೆಸುವುದಾದರೆ ಆರೋಗ್ಯವಂತ ನಾಯಿಗಳು ಮೊದಲು, ಕೆಮ್ಮುವ ನಾಯಿಯ ಸರದಿ ಕೊನೆಗೆ, ಅದೂ ಸಿಬ್ಬಂದಿ ಒಪ್ಪಿದರೆ ಮಾತ್ರ.

ಕೈ ತೊಳೆದ ಮೇಲೆ ನೋಂದಣಿ ಪುಸ್ತಕದಲ್ಲಿ ಬರೆಯುವ ಕೆಲಸವೊಂದು ಉಳಿದಿರುತ್ತದೆ. ದಿನವಿಡೀ ಹತ್ತಾರು ನಾಯಿಗಳನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಕಾಣಿಸದ ಸಂಗತಿಗಳು ನಿಮಗೆ ಕಂಡಿರುತ್ತವೆ: ಹಿಂಗಾಲು ಕುಂಟುತ್ತಿತ್ತು, ಮಲ ನೀರಾಗಿತ್ತು, ಒಮ್ಮೆ ಒಣಕೆಮ್ಮು ಬಂತು, ಕಿವಿ ಮುಟ್ಟಿದರೆ ತಲೆ ಎಳೆದುಕೊಂಡಿತು. ಒಳ್ಳೆಯದನ್ನೂ ಅಷ್ಟೇ ವಿವರವಾಗಿ ಬರೆಯಿರಿ. "ಸಾಧು ನಾಯಿ" ಎಂದು ಬರೆದರೆ ದತ್ತು ಪಡೆಯಲು ಬಂದವರಿಗೆ ಏನೂ ತಿಳಿಯುವುದಿಲ್ಲ. "ಸೈಕಲ್ಲು ಪಕ್ಕದಲ್ಲೇ ಹಾದುಹೋದರೂ ತಿರುಗಿ ನೋಡಲಿಲ್ಲ, ಮೆಟ್ಟಿಲಿಗೆ ಹೆದರುತ್ತದೆ, ಕೂತುಕೊಂಡರೆ ಪಕ್ಕಕ್ಕೆ ಬಂದು ಒರಗುತ್ತದೆ" ಎಂದು ಬರೆದರೆ, ಯಾವ ಮನೆಗೆ ಆ ನಾಯಿ ಹೊಂದುತ್ತದೆ ಎಂಬುದನ್ನು ಸಿಬ್ಬಂದಿ ಅದರಿಂದಲೇ ಊಹಿಸಬಲ್ಲರು.