ಕಾರಿಗೆ ಹಗಲು ದೀಪ: ಹಚ್ಚುವ ವೈರಿಗಿಂತ ಆರಿಸುವ ವೈರೇ ಮುಖ್ಯ

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ಪಾಂಡವಪುರದ ಕಡೆಯಿಂದ ನಾಲೆ ಏರಿಯ ಮೇಲೆ ಮಂಡ್ಯಕ್ಕೆ ಬರುತ್ತಿದ್ದೆ. ಏಳೂವರೆ ಇರಬಹುದು. ಬಿಸಿಲು ಬಂದಿತ್ತು, ಆದರೆ ನೀರಿನ ಮೇಲಿನ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಪಕ್ಕದ ಆಲೆಮನೆಯ ಹೊಗೆ ಬೇರೆ ಅದರ ಜೊತೆ ಸೇರಿಕೊಂಡಿತ್ತು. ಕಬ್ಬಿನ ಗದ್ದೆ ನಡುವಿನ ಗಾಡಿ ಜಾಡಿನಿಂದ ಹುಲ್ಲಿನ ಹೊರೆ ಕಟ್ಟಿಕೊಂಡ ಮೊಪೆಡ್ಡೊಂದು ರಸ್ತೆಗೆ ಬಂತು. ಸವಾರ ಎಡಕ್ಕೂ ಬಲಕ್ಕೂ ನೋಡಿದ್ದನ್ನು ನಾನೇ ಕಂಡೆ. ಆದರೂ ಬಂದ. ಬ್ರೇಕ್ ತುಳಿದು ನಿಂತಾಗ ಇಬ್ಬರ ನಡುವೆ ಉಳಿದಿದ್ದು ಒಂದು ಮಾರು ಜಾಗ. "ನೋಡ್ದೆ ಕನಣ್ಣೋ, ಗಾಡಿ ಬರೋದೇ ಕಾಣ್ನಿಲ್ಲ" ಎಂದ. ಸುಳ್ಳಲ್ಲ. ನನ್ನದು ಬೂದು ಬಣ್ಣದ ಸಣ್ಣ ಕಾರು. ಮಂಜು, ಹೊಗೆ, ಡಾಂಬರು, ಕಾರು ಎಲ್ಲವೂ ಅವನ ಕಣ್ಣಿಗೆ ಒಂದೇ ಬಣ್ಣ.

ಆ ವಾರವೇ ಅಂಗಡಿಯೊಂದರಲ್ಲಿ ಡಿಆರ್‌ಎಲ್, ಅಂದರೆ ಹಗಲಲ್ಲೂ ಉರಿಯುವ ಮುಂದಿನ ದೀಪ, ಹಾಕಿಸಿದೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ನಾಲ್ಕನೇ ದಿನ ಬೆಳಿಗ್ಗೆ ಬ್ಯಾಟರಿ ಕೂತುಬಿಟ್ಟಿತ್ತು. ಬಾನೆಟ್ ಎತ್ತಿ ನೋಡಿದರೆ ವೈರನ್ನು ನೇರವಾಗಿ ಬ್ಯಾಟರಿಗೆ ಕಟ್ಟಿ, ನಡುವೆ ಒಂದು ಸ್ವಿಚ್ ಇಟ್ಟಿದ್ದರು. ರಾತ್ರಿ ಅದನ್ನು ಆರಿಸುವುದು ನನಗೆ ಮರೆತಿತ್ತು. ಫ್ಯೂಸ್ ಎಂಬುದು ಎಲ್ಲೂ ಇರಲಿಲ್ಲ. ಹೆಡ್‌ಲೈಟ್ ಬ್ರಾಕೆಟ್ಟಿನ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ವೈರಿನ ಪ್ಲಾಸ್ಟಿಕ್ ಸವೆದು, ಉಗುರಿನಷ್ಟು ಜಾಗದಲ್ಲಿ ತಾಮ್ರ ಮಿಂಚುತ್ತಿತ್ತು. ಆ ತಾಮ್ರ ಇನ್ನೊಂದು ಕೂದಲೆಳೆ ಸರಿದು ತಗಡಿಗೆ ತಾಗಿದ್ದರೆ, ತಡೆಯಲು ಫ್ಯೂಸಿಲ್ಲದ ಆ ವೈರು ಕೆಂಪಗೆ ಕಾಯುತ್ತಿತ್ತು. ಎಲ್ಲ ಬಿಚ್ಚಿ, ಎರಡು ಭಾನುವಾರ ಕೂತು, ಪರಿಚಯದ ಆಟೊ ಎಲೆಕ್ಟ್ರಿಷಿಯನ್ ಒಬ್ಬರನ್ನು ಕೇಳಿ ಕೇಳಿ ಮತ್ತೆ ಹಾಕಿದೆ. ಈಗ ಬರೆಯುತ್ತಿರುವುದು ಆ ಎರಡನೇ ಸಲದ ಕೆಲಸವನ್ನು.

ಇದು ಯಾರಿಗಾಗಿ ಉರಿಯುವ ದೀಪ?

ಹೆಡ್‌ಲೈಟ್ ನಮಗೆ ರಸ್ತೆ ತೋರಿಸುತ್ತದೆ. ಹಗಲು ದೀಪ ರಸ್ತೆಯಲ್ಲಿರುವವರಿಗೆ ನಮ್ಮನ್ನು ತೋರಿಸುತ್ತದೆ. ಮಂಜು, ಹಿಮ ಹೆಚ್ಚಿರುವ ದೇಶಗಳಲ್ಲಿ ಇದು ಹಳೆಯ ಪದ್ಧತಿ. ಫಿನ್ಲೆಂಡಿನಲ್ಲಿ 1972ರಲ್ಲೇ ಚಳಿಗಾಲಕ್ಕೆ, ಸ್ವೀಡನ್ನಿನಲ್ಲಿ 1977ರಿಂದ ವರ್ಷವಿಡೀ ಹಗಲಲ್ಲೂ ದೀಪ ಹಚ್ಚಿ ಓಡಿಸುವುದು ಕಡ್ಡಾಯವಾಯಿತು. ಯುರೋಪ್ ಒಕ್ಕೂಟದಲ್ಲಿ 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳು ಈ ದೀಪದೊಂದಿಗೇ ಬರಬೇಕು. ನಮ್ಮಲ್ಲಿ 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ದೀಪ ಸದಾ ಉರಿಯುತ್ತದೆ. ಮೊದಮೊದಲು ಎದುರಿಗೆ ಸಿಕ್ಕವರೆಲ್ಲ ಬೆರಳು ಬಿಚ್ಚಿ ಮುಚ್ಚಿ "ಲೈಟ್ ಆಫ್ ಮಾಡಿ" ಎಂದು ಸನ್ನೆ ಮಾಡುತ್ತಿದ್ದದ್ದು ಹಲವರಿಗೆ ನೆನಪಿರುತ್ತದೆ. ಕಾರಿಗೆ ಇಲ್ಲಿ ಅಂಥ ಕಡ್ಡಾಯವಿಲ್ಲ. ಆದರೆ ನಮ್ಮ ಕಡೆಯ ಬೆಳಕನ್ನು ಯೋಚಿಸಿ. ಮೈಸೂರಿನೊಳಗೆ ಮಳೆಮರಗಳ ಕೆಳಗೆ ಒಂದು ಮಾರು ಬಿಸಿಲು, ನಾಲ್ಕು ಮಾರು ನೆರಳು. ಬಿಸಿಲಲ್ಲಿ ನಿಂತವನ ಕಣ್ಣಿಗೆ ನೆರಳಿನೊಳಗಿಂದ ಬರುವ ಕಾರು ಕಾಣಿಸುವುದು ತಡವಾಗಿಯೇ.

ಕೊಳ್ಳುವಾಗ

ದೀಪ ಬಿಳಿಯದೇ ಆಗಿರಲಿ. ನೀಲಿ, ಬಣ್ಣ ಬದಲಾಯಿಸುವಂಥದು, ಮಿನುಗುವಂಥದು ಬೇಡವೇ ಬೇಡ. ಮುಂದಕ್ಕೆ ಕೆಂಪು ಬೆಳಕು ಕಾಣಿಸುವುದಂತೂ ಕಾನೂನಿಗೆ ವಿರುದ್ಧ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ವಿಶೇಷವಾಗಿ ಕೇಸು ಹಾಕಲು ಹೊರಟದ್ದು ಸರಿಯಾದ ಕೆಲಸ. ಎಕ್ಸ್‌ಪ್ರೆಸ್‌ವೇ ಸರ್ವೀಸ್ ರಸ್ತೆಯಲ್ಲಿ ರಾತ್ರಿ ಓಡಾಡುವವರಿಗೆ ಆ ಸಂಕಟ ಗೊತ್ತು.

ಒಳ್ಳೆಯ ದೀಪದ ಗಾಜಿನ ಮೇಲೆ ವೃತ್ತದೊಳಗೆ 'ಇ' ಎಂಬ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ, ಹತ್ತಿರದಲ್ಲೇ 'ಆರ್‌ಎಲ್' ಎಂಬ ಎರಡು ಅಕ್ಷರ ಅಚ್ಚಾಗಿರುತ್ತವೆ. ವಿಶ್ವಸಂಸ್ಥೆಯ ವಾಹನ ನಿಯಮ 87ರ ಪ್ರಕಾರ ಪರೀಕ್ಷೆಯಾದ ಹಗಲು ದೀಪ ಎಂಬುದಕ್ಕೆ ಅದು ಗುರುತು. ಆ ನಿಯಮ ಒಂದು ದೀಪಕ್ಕೆ 400ರಿಂದ 1200 ಕ್ಯಾಂಡೆಲಾವರೆಗಿನ ಪ್ರಖರತೆಯನ್ನಷ್ಟೇ ಒಪ್ಪುತ್ತದೆ. ಅದಕ್ಕಿಂತ ಕಡಿಮೆಯಾದರೆ ಬಿಸಿಲಲ್ಲಿ ಕಾಣದು, ಹೆಚ್ಚಾದರೆ ಎದುರಿನವರ ಕಣ್ಣಿಗೆ ಚುಚ್ಚುತ್ತದೆ. ಹಿಂಭಾಗ ಅಲ್ಯೂಮಿನಿಯಂ ಆಗಿದ್ದರೆ ಒಳ್ಳೆಯದು, ಎಲ್‌ಇಡಿಯ ಶಾಖ ಹೋಗಲು ದಾರಿ ಬೇಕು. ಬರೀ ಮೆತ್ತನೆಯ ಪಟ್ಟಿಯಂತೆ ಬಾಗುವ, ರೋಲಿನಿಂದ ಕತ್ತರಿಸಿ ಕೊಡುವ ದೀಪ ಅಲಂಕಾರಕ್ಕೆ ಮಾತ್ರ.

ಎಲ್ಲಿ ಕೂರಿಸಬೇಕು

ಅಂತರರಾಷ್ಟ್ರೀಯ ನಿಯಮದಲ್ಲಿ ಇದಕ್ಕೆ ಅಳತೆಯಿದೆ, ಅದನ್ನೇ ಹಿಡಿಯಿರಿ. ನೆಲದಿಂದ ಕನಿಷ್ಠ 25 ಸೆಂಟಿಮೀಟರ್ ಎತ್ತರ, ಒಂದೂವರೆ ಮೀಟರಿಗಿಂತ ಮೇಲೆ ಬೇಡ. ಎರಡು ದೀಪಗಳ ಒಳ ಅಂಚುಗಳ ನಡುವೆ 60 ಸೆಂಟಿಮೀಟರಾದರೂ ಅಂತರ.  ಎರಡನ್ನೂ ನಡುವಿಗೆ ತಂದು ಕೂರಿಸಿದರೆ ದೂರದಿಂದ ನೋಡುವವರು ಬೈಕ್ ಎಂದುಕೊಂಡಾರು.

ನಮ್ಮ ಊರುಗಳ ಹಂಪುಗಳನ್ನು ನೆನೆದು ಬಂಪರಿನ ತೀರಾ ಕೆಳತುಟಿಯನ್ನು ಬಿಡಿ. ರೇಡಿಯೇಟರಿಗೆ ಗಾಳಿ ಹೋಗುವ ಕಿಂಡಿಯನ್ನೂ ಮುಚ್ಚಬೇಡಿ. ಕೊರೆಯುವ ಮೊದಲು ದೀಪದ ಅಳತೆಯ ರಟ್ಟು ಕತ್ತರಿಸಿ, ಕಾಗದದ ಟೇಪಿನಿಂದ ಅಂಟಿಸಿ, ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಎರಡೂ ಒಂದೇ ಮಟ್ಟದಲ್ಲಿವೆಯೇ, ನೇರ ಮುಂದಕ್ಕೆ ಮುಖ ಮಾಡಿವೆಯೇ? ನಾನು ಮೂರು ಸಲ ಸರಿಸಿದೆ. ರಟ್ಟು ಸರಿಸಬಹುದು, ಬಂಪರಿಗೆ ಬಿದ್ದ ತೂತು ಸರಿಸಲಾಗದು.

ಅಂಟು ಟೇಪ್ ಬಳಸುವುದಾದರೆ ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಒತ್ತಿ ಹಿಡಿಯಿರಿ. ಆದರೂ ಎರಡು ಸ್ಕ್ರೂ ಇರಲಿ ಎಂಬುದು ನನ್ನ ಸಲಹೆ.

ವೈರಿನ ಕೆಲಸ

ಮೊದಲು ಹತ್ತರ ಸ್ಪ್ಯಾನರ್ ಹಿಡಿದು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೆಲವು ನಿಮಿಷ ಬಿಡಿ. ಹಳದಿ ಕವಚದ ವೈರು, ಹಳದಿ ಕನೆಕ್ಟರ್ ಕಂಡರೆ ಕೈ ಹಾಕಬೇಡಿ, ಅದು ಏರ್‌ಬ್ಯಾಗಿನದು. ವಾರಂಟಿ ಇರುವ ಹೊಸ ಕಾರಾದರೆ ಈ ಕೆಲಸವನ್ನು ಕಂಪನಿಯ ಸರ್ವೀಸ್ ಸೆಂಟರಿನಲ್ಲೇ ಕೇಳಿ. ಮೂಲ ವೈರನ್ನು ಕತ್ತರಿಸಿದರೆ ಮುಂದೆ ಎಲೆಕ್ಟ್ರಿಕ್ ದೋಷ ಬಂದಾಗ ವಾರಂಟಿಗೆ ತಕರಾರು ಬರಬಹುದು.

ಲೆಕ್ಕ ಹೀಗಿದೆ. ಆರಾರು ವ್ಯಾಟಿನ ಎರಡು ದೀಪ ಅಂದರೆ 12 ವ್ಯಾಟ್, ಹನ್ನೆರಡು ವೋಲ್ಟಿಗೆ ಒಂದು ಆಂಪಿಯರ್. ಕಡಿಮೆ ಎನಿಸುತ್ತದೆ. ಆದರೆ ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹದಿನೇಳು ಹದಿನೆಂಟು ಗಂಟೆಗೆ ಅರ್ಧ ಖಾಲಿ. ಆದ್ದರಿಂದ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಜಾಗದಿಂದಲೇ ವೈರು ತೆಗೆಯಬೇಕು.

ಕೆಲವು ಕಿಟ್ಟುಗಳಲ್ಲಿ ನೇರ ಬ್ಯಾಟರಿಗೆ ಕಟ್ಟುವ ಕಪ್ಪು ಡಬ್ಬಿಯೊಂದು ಇರುತ್ತದೆ. ಎಂಜಿನ್ ನಿಂತಾಗ ಬ್ಯಾಟರಿ 12.6 ವೋಲ್ಟ್ ಆಸುಪಾಸು, ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಈ ಏರಿಕೆಯನ್ನು ಗುರುತಿಸಿ ಡಬ್ಬಿ ದೀಪ ಹಚ್ಚುತ್ತದೆ. ಹಳೆಯ ಕಾರಿಗೆ ಸರಿ. ಹೊಸ ಕಾರು ಕೆಲವುದರಲ್ಲಿ ಬ್ಯಾಟರಿ ತುಂಬಿದಾಗ ಕಾರಿನ ಕಂಪ್ಯೂಟರೇ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ತಗ್ಗಿಸುತ್ತದೆ. ವೋಲ್ಟೇಜ್ ಇಳಿದದ್ದೇ ಡಬ್ಬಿ ಎಂಜಿನ್ ನಿಂತಿತೆಂದು ತಿಳಿದು ದೀಪ ಆರಿಸುತ್ತದೆ, ಮತ್ತೆ ಹಚ್ಚುತ್ತದೆ. ಓಡುವ ಕಾರಿನ ದೀಪ ಹೀಗೆ ಮಿಣುಕುತ್ತಿದ್ದರೆ ಮೊದಲು ಇದನ್ನು ಅನುಮಾನಿಸಿ.

ನನಗೆ ಒಪ್ಪಿಗೆಯಾದ ದಾರಿ ಐದು ಕಾಲಿನ 12 ವೋಲ್ಟ್ ರಿಲೇ, ಅಂದರೆ ಕೈಯ ಬದಲು ಕರೆಂಟೇ ಒತ್ತುವ ಸ್ವಿಚ್. ಕಾಲುಗಳ ಪಕ್ಕ 30, 85, 86, 87, 87ಎ ಎಂದು ಕೊರೆದಿರುತ್ತದೆ. ಅಂಗಡಿಯಲ್ಲೇ ಓದಿ ನೋಡಿ: ಕೆಲವು ಐದು ಕಾಲಿನ ರಿಲೇಗಳಲ್ಲಿ 87ಎ ಇರುವುದಿಲ್ಲ, 87 ಎಂಬ ಕಾಲೇ ಎರಡಿರುತ್ತವೆ. ಅದು ಈ ಕೆಲಸಕ್ಕೆ ಬಾರದು. ರಿಲೇ ಸುಮ್ಮನಿರುವಾಗ 30ಕ್ಕೂ 87ಎಗೂ ಸಂಪರ್ಕ ಇರುತ್ತದೆ. 86ಕ್ಕೆ ಕರೆಂಟ್ ಬಂದು 85ರಿಂದ ಅರ್ತ್‌ಗೆ (ಬ್ಯಾಟರಿಯ ನೆಗೆಟಿವ್‌ಗೆ ಸೇರಿದ ಕಾರಿನ ತಗಡಿಗೆ) ಹೋದಾಗ ಒಳಗಿನ ಕಾಯಿಲ್ ಅಯಸ್ಕಾಂತವಾಗಿ, 'ಟಕ್' ಎಂದು ನಾಲಗೆಯನ್ನು ಎಳೆದು 87ಎಯಿಂದ ಬಿಡಿಸುತ್ತದೆ.

ಈಗ ಜೋಡಣೆ. ಕೀ ಹಾಕಿದಾಗ ಬರುವ ಕರೆಂಟನ್ನು 3 ಆಂಪಿಯರ್ ಫ್ಯೂಸಿನ ಮೂಲಕ 30ಕ್ಕೆ ಕೊಡಿ. 87ಎಯಿಂದ ಎರಡೂ ದೀಪಗಳ ಪಾಸಿಟಿವ್‌ಗೆ ವೈರು ಎಳೆಯಿರಿ. 86ಕ್ಕೆ ಪಾರ್ಕ್ ಲೈಟಿನ ಪಾಸಿಟಿವ್‌ನಿಂದ ಒಂದು ವೈರು, 85ಕ್ಕೂ ಎರಡೂ ದೀಪಗಳ ನೆಗೆಟಿವ್‌ಗೂ ಅರ್ತ್. 87 ಖಾಲಿ. ಅಷ್ಟೇ. ಕೀ ಹಾಕಿದರೆ ಹಗಲು ದೀಪ ಉರಿಯುತ್ತದೆ. ಪಾರ್ಕ್ ಲೈಟ್ ಅಥವಾ ಹೆಡ್‌ಲೈಟ್ ಹಚ್ಚಿದ ಕ್ಷಣ ಅದು ಆರುತ್ತದೆ, ಏಕೆಂದರೆ ಹೆಡ್‌ಲೈಟ್ ಹಚ್ಚಿದರೂ ಪಾರ್ಕ್ ಲೈಟ್ ಉರಿದೇ ಉರಿಯುತ್ತದೆ. ಹೆಡ್‌ಲೈಟ್ ವೈರಿನಿಂದಲೇ ಯಾಕೆ ತೆಗೆಯಬಾರದು ಎಂದು ನಾನೂ ಕೇಳಿದ್ದೆ. ಕೆಲವು ಕಾರುಗಳಲ್ಲಿ ಹೆಡ್‌ಲೈಟಿನ ಸ್ವಿಚ್ ಇರುವುದು ನೆಗೆಟಿವ್ ಕಡೆ. ಅಲ್ಲಿ ಪಾಸಿಟಿವ್ ಯಾವಾಗಲೂ ಜೀವಂತ, ಲೆಕ್ಕವೆಲ್ಲ ತಲೆಕೆಳಗು. ಟೆಸ್ಟ್ ಲ್ಯಾಂಪ್ ಹಿಡಿದು, ಸ್ವಿಚ್ ಹಾಕಿದಾಗ ಉರಿಯುವ, ತೆಗೆದಾಗ ಆರುವ ವೈರು ಇದೇ ಎಂದು ಖಾತ್ರಿ ಮಾಡಿಕೊಂಡೇ ಮುಂದುವರಿಯಿರಿ.

ಈ 86ರ ವೈರೇ ಹೆಚ್ಚಿನ ಕಡೆ ಬಿಟ್ಟುಹೋಗುವುದು. ಅದಿಲ್ಲದಿದ್ದರೆ ರಾತ್ರಿಯೂ ಹಗಲು ದೀಪ ಉರಿಯುತ್ತಲೇ ಇರುತ್ತದೆ. ಬಿಸಿಲಲ್ಲಿ ಹಿತವಾಗಿದ್ದ ಬೆಳಕು ಕತ್ತಲಲ್ಲಿ ಎದುರಿನ ಸೈಕಲ್ ಸವಾರನ ಕಣ್ಣು ಕತ್ತಲಾಗಿಸುತ್ತದೆ.

ಕರೆಂಟ್ ತೆಗೆಯಲು ಫ್ಯೂಸ್ ಟ್ಯಾಪ್ ಎಂಬ ಸಣ್ಣ ಸಾಧನ ಸಿಗುತ್ತದೆ. ವೈಪರ್ ಅಥವಾ ಮೊಬೈಲ್ ಚಾರ್ಜಿನ ಸಾಕೆಟ್ಟಿನ ಫ್ಯೂಸ್ ಕಿತ್ತು ಅಲ್ಲಿ ಇದನ್ನು ಕೂರಿಸಿದರೆ ಹಳೆಯ ಫ್ಯೂಸಿಗೊಂದು, ಹೊಸದಕ್ಕೊಂದು ಮನೆ. ಯಾವ ವೈರನ್ನೂ ಕತ್ತರಿಸಬೇಕಾಗಿಲ್ಲ. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಕಂಪ್ಯೂಟರ್, ಪೆಟ್ರೋಲ್ ಪಂಪಿನ ಫ್ಯೂಸುಗಳ ಗೊಡವೆಗೆ ಹೋಗಬೇಡಿ. ಫ್ಯೂಸ್ ಪೆಟ್ಟಿಗೆ ಕಾರಿನೊಳಗಿದ್ದರೆ ವೈರು ಎಂಜಿನ್ ಕಡೆಗೆ ಹೋಗಲು ತಗಡಿನ ಗೋಡೆಯಲ್ಲಿ ರಬ್ಬರ್ ಗ್ರೊಮೆಟ್ ಇರುತ್ತದೆ. ಹಳೆಯ ಸೈಕಲ್ ಕಡ್ಡಿಯ ತುದಿಗೆ ವೈರನ್ನು ಟೇಪ್ ಸುತ್ತಿ ಕಟ್ಟಿ, ಸೋಪಿನ ನೀರು ಸವರಿ, ಗ್ರೊಮೆಟ್ಟಿನ ಅಂಚಿನಲ್ಲಿ ಮೆಲ್ಲಗೆ ತೂರಿಸಿದರೆ ಒಂದೇ ಸಲಕ್ಕೆ ಆಚೆ ಬರುತ್ತದೆ.

ಜೋಡಿಸಿದ ಕಡೆಯೆಲ್ಲ ಬರೀ ತಿರುಚಿ ಟೇಪ್ ಸುತ್ತಬೇಡಿ. ಎಂಜಿನ್ ಶಾಖಕ್ಕೆ ಅಂಟು ಕರಗಿ ಟೇಪ್ ಜಾರುತ್ತದೆ. ಸೋಲ್ಡರ್ ಮಾಡಿ ಅಥವಾ ಕ್ರಿಂಪ್ ಒತ್ತಿ, ಮೇಲೆ ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ಅರ್ತ್ ಕೊಡುವ ಬೋಲ್ಟಿನ ಕೆಳಗೆ ಬಣ್ಣವನ್ನು ಕೆರೆದು ಬೆಳ್ಳಗಿನ ತಗಡು ಕಂಡ ಮೇಲೆ ರಿಂಗ್ ಲಗ್ ಬಿಗಿಯಿರಿ. ವೈರು ಪೂರ್ತಿ ಸುಕ್ಕು ಪೈಪಿನೊಳಗೆ ಇರಲಿ, ರೇಡಿಯೇಟರ್ ಫ್ಯಾನಿನಿಂದ ದೂರ ಇರಲಿ, ಗೇಣಿಗೊಂದು ಪ್ಲಾಸ್ಟಿಕ್ ಟೈ. ದೀಪದ ಹಿಂದೆ ವೈರನ್ನು ಒಂದು ಬಳುಕು ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲಕ್ಕೆ ಒಯ್ಯಿರಿ. ಮಳೆನೀರು ವೈರು ಹಿಡಿದು ಬಂದರೂ ಆ ಬಳುಕಿನ ತಳದಲ್ಲೇ ತೊಟ್ಟಿಕ್ಕುತ್ತದೆ, ದೀಪದೊಳಕ್ಕೋ ರಿಲೇಗೋ ಹೋಗುವುದಿಲ್ಲ. ರಿಲೇಯನ್ನೂ ಕಾಲು ಕೆಳಗಾಗಿ ಕೂರಿಸಿ.

ಮುಗಿದ ಮೇಲೆ

ಬ್ಯಾಟರಿ ಜೋಡಿಸಿ ಒಂದೊಂದಾಗಿ ನೋಡಿ. ಕೀ ಇಲ್ಲದಾಗ ದೀಪ ಆರಿರಬೇಕು, ಕೀ ಹಾಕಿದರೆ ಉರಿಯಬೇಕು, ಪಾರ್ಕ್ ಲೈಟಿಗೆ ಆರಬೇಕು. ಇಂಡಿಕೇಟರ್ ಹಾಕಿ ಹತ್ತು ಹೆಜ್ಜೆ ದೂರದಿಂದ ಗಮನಿಸಿ. ಹಗಲು ದೀಪ ಅದಕ್ಕೆ ಅಂಟಿದಂತಿದ್ದು ಹಳದಿ ಮಿನುಗು ಬಿಳಿ ಬೆಳಕಿನಲ್ಲಿ ಮುಳುಗಿದರೆ ಜಾಗ ಬದಲಿಸಿ. ಕಾರನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಮಲ್ಟಿಮೀಟರ್ ಹಿಡಿಯಿರಿ. ಒಳ್ಳೆಯ ಬ್ಯಾಟರಿ 12.4 ವೋಲ್ಟಿಗಿಂತ ಮೇಲೇ ತೋರಿಸಬೇಕು.

ಕೊನೆಯ ಪರೀಕ್ಷೆಯನ್ನು ಮುಸ್ಸಂಜೆಗೆ ಇಟ್ಟುಕೊಳ್ಳಿ. ಹಗಲು ದೀಪ ಉರಿಯುವಾಗ ಹಿಂದಿನ ಕೆಂಪು ದೀಪ ಉರಿಯುವುದಿಲ್ಲ. ಮುಂದೆ ಬೆಳಕಿದೆ ಎಂಬ ಧೈರ್ಯದಲ್ಲಿ ಆರೂಮುಕ್ಕಾಲಿನವರೆಗೂ ಹೆಡ್‌ಲೈಟ್ ಹಚ್ಚದೆ ಓಡಿಸಿದರೆ ಹಿಂದಿನಿಂದ ಬರುವ ಕಬ್ಬಿನ ಟ್ರ್ಯಾಕ್ಟರಿಗೆ ನಮ್ಮ ಕಾರು ಇಲ್ಲವೇ ಇಲ್ಲ. ನಾನು ಈಗ ಕತ್ತಲು ಕವಿಯುವ ಹೊತ್ತಿಗೆ ಎಲ್ಲಿಂದ ಹೊರಟರೂ ಮೊದಲು ಸ್ವಿಚ್ ತಿರುಗಿಸುತ್ತೇನೆ. ಬಾನೆಟ್ಟಿನೊಳಗೆ ಟಕ್ ಎನ್ನುತ್ತದೆ, ಮುಂದಿನ ಬಿಳಿ ಬೆಳಕು ಆರುತ್ತದೆ. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಅಂಗಡಿಯ ರೋಲಿಂಗ್ ಶಟರಿನ ಮೇಲೆ ಎರಡು ಕೆಂಪು ಮಬ್ಬು. ಅದು ಕಂಡ ಮೇಲೆ ಗೇರ್ ಹಾಕುತ್ತೇನೆ.