ಒಂದೇ ನೆಟ್, ಎರಡು ಮನೆ: ಸಂಜೆ ಹೊತ್ತು ಕಟ್ ಆಗುತ್ತಿದ್ದುದನ್ನು ಹುಡುಕಿ ಸರಿಮಾಡಿದ್ದು

ಮೈಸೂರಿನ ಕುವೆಂಪುನಗರದಲ್ಲಿ ನಾವು ಬಾಡಿಗೆಗೆ ಇರುವುದು ಮಹಡಿ ಮನೆಯಲ್ಲಿ. ಕೆಳಗೆ ಓನರ್ ಅಂಕಲ್, ಆಂಟಿ, ಅವರ ಮಗ. ಫೈಬರ್ ಕನೆಕ್ಷನ್ ಒಂದೇ, ಅಂಕಲ್ ಹೆಸರಿನಲ್ಲಿದೆ. ಬಿಲ್ಲು ಅರ್ಧರ್ಧ. ಡೌನ್‌ಲೋಡ್, ಅಂದರೆ ನಮ್ಮ ಕಡೆ ಬರುವುದು, 150 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್). ಅಪ್‌ಲೋಡ್, ಅಂದರೆ ನಾವು ಕಳಿಸುವುದು, 30. ಎರಡು ಮನೆಗೆ ಧಾರಾಳವಾಗಿ ಸಾಕು. ನಾನು ಮನೆಯಿಂದಲೇ ಕೆಲಸ ಮಾಡುವವಳು, ದಿನವೂ ವಿಡಿಯೋ ಕಾಲ್ ಇದ್ದೇ ಇರುತ್ತೆ. ಆಂಟಿ ಸಂಜೆ ಹೊತ್ತು ಆನ್‌ಲೈನ್‌ನಲ್ಲಿ ಸಂಗೀತ ಪಾಠ ಹೇಳಿಕೊಡುತ್ತಾರೆ. ಅಂಕಲ್‌ಗೆ ಟಿವಿಯಲ್ಲಿ ನ್ಯೂಸು, ಕ್ರಿಕೆಟ್ಟು. ಮಗನದ್ದು ಮದುವೆಗಳ ಫೋಟೋ, ವಿಡಿಯೋ ತೆಗೆಯುವ ಕೆಲಸ.

ನೆಟ್ ಹಂಚಿಕೊಂಡ ಮನೆಗಳಲ್ಲಿ ತೊಂದರೆ ಬಂದ ಕೂಡಲೇ ಹುಟ್ಟುವುದು ಅನುಮಾನ. ಮೇಲಿನವರು ಏನೋ ದೊಡ್ಡ ಡೌನ್‌ಲೋಡ್ ಹಾಕಿರಬೇಕು ಅಂತ ಕೆಳಗೆ. ಕೆಳಗಿನವರು ದಿನವಿಡೀ ಟಿವಿ ಓಡಿಸುತ್ತಾರೆ ಅಂತ ಮೇಲೆ. ಯಾರೂ ಬಾಯಿಬಿಟ್ಟು ಹೇಳಲ್ಲ, ಆದರೆ ಬಿಲ್ಲು ಕಟ್ಟುವ ದಿನ ಮುಖದಲ್ಲಿ ಗೊತ್ತಾಗುತ್ತೆ. ಒಳ್ಳೆಯ ಜನ, ಒಳ್ಳೆಯ ಮನೆ. ಇದಕ್ಕೋಸ್ಕರ ಮನಸ್ಸು ಕೆಡಿಸಿಕೊಳ್ಳುವುದು ನನಗೆ ಬೇಡವಾಗಿತ್ತು. ಹಾಗಾಗಿ ಯಾರ ಕಡೆಗೂ ಬೊಟ್ಟು ಮಾಡದೆ ಮೊದಲು ಅಳೆದು ನೋಡೋಣ ಅಂತ ಕೂತೆ. ಹೊರಗಿನಿಂದ ಬರುವ ಲೈನ್, ಮನೆಯೊಳಗಿನ ವೈರು, ವೈಫೈ, ಆಮೇಲೆ ನಮ್ಮ ನಮ್ಮ ಬಳಕೆ. ಇದರಲ್ಲಿ ಎಲ್ಲಿ ಕೈಕೊಡುತ್ತಿದೆ ಅಂತ ಒಂದೊಂದನ್ನೇ ಬೇರೆ ಮಾಡಿ ನೋಡಬೇಕು.

ತೊಂದರೆ ಹೀಗಿತ್ತು. ಬೆಳಿಗ್ಗೆಯೆಲ್ಲ ಚೆನ್ನಾಗಿರುತ್ತಿತ್ತು. ಸಂಜೆ ಆರು ದಾಟಿದರೆ ಶುರು. ಆಂಟಿ 'ಸರಿಗಮ' ಅಂತ ಹಾಡಿದರೆ ಆ ಕಡೆ ಕೂತ ಹುಡುಗಿಗೆ 'ಸ... ಮ' ಅಂತ ಕೇಳಿಸುತ್ತಿತ್ತು. ವಿಚಿತ್ರ ಅಂದರೆ, ಆ ಹುಡುಗಿ ಹಾಡಿದ್ದು ಆಂಟಿಗೆ ಸ್ವಚ್ಛವಾಗಿ ಕೇಳುತ್ತಿತ್ತು. ನನ್ನ ಕಾಲ್‌ಗಳಲ್ಲೂ ಅದೇ. ನನಗೆ ಎಲ್ಲರೂ ಕೇಳಿಸುತ್ತಾರೆ, ನನ್ನ ದನಿ ಮಾತ್ರ ಅವರಿಗೆ ಒಡೆದು ಹೋಗುತ್ತೆ. ಅದೇ ಹೊತ್ತಿಗೆ ಅಂಕಲ್ ಟಿವಿ ನಿಲ್ಲದೆ ಓಡುತ್ತಿತ್ತು. ಇದನ್ನೆಲ್ಲ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟೆ. ಹೊತ್ತು, ಯಾರು ಏನು ಮಾಡುತ್ತಿದ್ದರು, ಏನಾಯಿತು. ಮುಂದೆ ಅದೇ ದಾರಿ ತೋರಿಸಿತು.

ನೆಟ್ ಹೋದ ಕೂಡಲೇ ಎಲ್ಲರೂ ರೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಆಫ್ ಮಾಡಿದರೆ ಸುಳಿವೂ ಅಳಿಸಿಹೋಗುತ್ತೆ ಅಲ್ವಾ? ಮೊದಲು ಲೈಟ್ ನೋಡಬೇಕು. ಫೈಬರ್ ಪೆಟ್ಟಿಗೆಯಲ್ಲಿ (ನಮ್ಮಲ್ಲಿ ಕೆಳಗಿನ ರೂಟರೂ ಅದೇ) 'ಪಾನ್' ಅನ್ನುವ ಲೈಟ್ ಹಸಿರಾಗಿ ನಿಂತಿದ್ದರೆ ಹೊರಗಿನ ಲೈನ್ ಬದುಕಿದೆ ಅಂತ ಅರ್ಥ. 'ಎಲ್‌ಒಎಸ್' ಲೈಟ್ ಕೆಂಪಗೆ ಮಿಣುಕುತ್ತಿದ್ದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ. ಆಗ ರೂಟರನ್ನು ಎಷ್ಟು ಸಲ ಆಫ್ ಆನ್ ಮಾಡಿದರೂ ಸುಮ್ನೆ. ಆಪರೇಟರ್‌ಗೆ ಫೋನ್ ಮಾಡುವುದೊಂದೇ ದಾರಿ.

ನಮ್ಮಲ್ಲಿ ಪಾನ್ ಹಸಿರಾಗಿಯೇ ಇತ್ತು. ಆದರೂ ಆಗಾಗ ಒಂದೆರಡು ನಿಮಿಷ ಎಲ್ಲ ಹೋಗಿ ತಾನಾಗಿ ಬರುತ್ತಿತ್ತು. ಬ್ರೌಸರ್‌ನಲ್ಲಿ 192.168.1.1 ಹೊಡೆದು ರೂಟರ್‌ನ ಪುಟ ತೆಗೆದೆ. ಅದರ ಯೂಸರ್ ನೇಮು, ಪಾಸ್‌ವರ್ಡು ಪೆಟ್ಟಿಗೆಯ ಅಡಿಯ ಸ್ಟಿಕ್ಕರ್‌ನಲ್ಲೇ ಇತ್ತು. ಅಲ್ಲಿ ಆಪ್ಟಿಕಲ್ ಪವರ್ ಅಂತ ಒಂದು ಸಾಲು ಇರುತ್ತೆ. ಫೈಬರ್‌ನಲ್ಲಿ ಎಷ್ಟು ಬೆಳಕು ಒಳಗೆ ಬರುತ್ತಿದೆ ಅನ್ನುವ ಲೆಕ್ಕ ಅದು, ಡಿಬಿಎಂ ಅನ್ನುವ ಅಳತೆಯಲ್ಲಿ. ಮೈನಸ್ 8ರಿಂದ ಮೈನಸ್ 27 ಡಿಬಿಎಂ ಒಳಗಿದ್ದರೆ ಪೆಟ್ಟಿಗೆ ಕೆಲಸ ಮಾಡುತ್ತೆ. 27ಕ್ಕೆ ಹತ್ತಿರ ಹೋದಷ್ಟೂ ಬೆಳಕು ಕಮ್ಮಿ. ನಮ್ಮದು ಮೈನಸ್ 26.8 ತೋರಿಸುತ್ತಿತ್ತು. ಅಂಚಿನಲ್ಲಿ ನಿಂತಿತ್ತು ಅಂತ ಆಯಿತು.

ಟಿವಿ ಸ್ಟ್ಯಾಂಡ್ ಸರಿಸಿ ನೋಡಿದರೆ, ಗೋಡೆಯಿಂದ ಪೆಟ್ಟಿಗೆಗೆ ಬರುವ ತೆಳು ಹಳದಿ ವೈರು ಸ್ಟ್ಯಾಂಡ್‌ಗೂ ಗೋಡೆಗೂ ನಡುವೆ ಸಿಕ್ಕಿ ಮಡಚಿಕೊಂಡಿತ್ತು. ಫೈಬರ್ ಒಳಗಿರುವುದು ಕೂದಲೆಳೆಯಷ್ಟು ಸಣ್ಣ ಗಾಜು. ಬಿಗಿಯಾಗಿ ಬಾಗಿದರೆ ಬೆಳಕು ಬಾಗಿದ ಕಡೆ ಹೊರಗೆ ಸೋರುತ್ತೆ. ಮಡಿಕೆ ಬಿಡಿಸಿ, ಅಗಲವಾಗಿ ಸುರುಳಿ ಮಾಡಿ ಗೋಡೆಗೆ ಹಾಕಿದೆ. ಪುಟ ಮತ್ತೆ ತೆರೆದಾಗ ಮೈನಸ್ 21. ಮಧ್ಯೆ ಮಧ್ಯೆ ಹೋಗುವುದು ಅವತ್ತೇ ನಿಂತಿತು. ಒಂದು ಮಾತು ಇಲ್ಲಿ ಹೇಳಲೇಬೇಕು. ಫೈಬರ್ ತುದಿಯನ್ನು ಕಿತ್ತು ಕಣ್ಣಿಗೆ ಹಿಡಿದು ನೋಡಬೇಡಿ. ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ಕಣ್ಣಿಗೆ ಕೆಟ್ಟದ್ದು. ಮಕ್ಕಳಿರುವ ಮನೆಯಲ್ಲಂತೂ ಆ ಹಸಿರು ಮೂತಿಯ ಪ್ಲಗ್ ಕೈಗೆ ಸಿಗದ ಹಾಗೆ ಇಡಿ.

ಸಂಜೆಯ ಕಾಟ ಮಾತ್ರ ಹಾಗೇ ಇತ್ತು.

ಮುಂದಿನದು ವೈರು. ಕೆಳಗಿನ ಪೆಟ್ಟಿಗೆಯಿಂದ ನಮ್ಮ ಮಹಡಿಗೆ ಒಂದು ಲ್ಯಾನ್ ಕೇಬಲ್ ಬಂದಿದೆ. ಸ್ಪೀಡ್ ನೋಡುವಾಗ ಫೋನ್ ಹಿಡಿದು ವೈಫೈನಲ್ಲಿ ನೋಡಿದರೆ ಏನೂ ತಿಳಿಯಲ್ಲ, ಲ್ಯಾಪ್‌ಟಾಪನ್ನು ವೈರಿನಲ್ಲೇ ಸಿಕ್ಕಿಸಿ ನೋಡಬೇಕು. ಬೆಳಿಗ್ಗೆ ಹೊತ್ತು ಕೆಳಗೆ ಪೆಟ್ಟಿಗೆಗೇ ಸಿಕ್ಕಿಸಿದರೆ 150ರ ಹತ್ತಿರ ಬಂತು. ಅದೇ ಲ್ಯಾಪ್‌ಟಾಪ್ ಮೇಲೆ ತಂದು ಸಿಕ್ಕಿಸಿದರೆ 94. ಮತ್ತೆ ನೋಡಿದರೂ 94. ಒಂದು ಚೂರೂ ಏರಲ್ಲ, ಇಳಿಯಲ್ಲ. ಇದನ್ನು ನೋಡಿದ ಕೂಡಲೇ ಕೇಬಲ್ ಕಡೆ ನೋಡಬೇಕು. ಲ್ಯಾನ್ ಕೇಬಲ್‌ನಲ್ಲಿ ಎಂಟು ತಂತಿ, ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ, ಅಂದರೆ 1000ಕ್ಕೆ, ನಾಲ್ಕೂ ಬೇಕು. 100ಕ್ಕೆ ಬೇಕಾದ ಎರಡು ಬಿಟ್ಟು ಉಳಿದದ್ದರಲ್ಲಿ ಒಂದು ಜೋಡಿ ಹಾಳಾದರೂ ಎರಡೂ ಕಡೆಯ ಪೆಟ್ಟಿಗೆಗಳು ಮಾತಾಡಿಕೊಂಡು 100ಕ್ಕೆ ಇಳಿಯುತ್ತವೆ. ಕೈಗೆ ಸಿಗುವುದು 94, 95.

ಕೇಬಲ್ ಹೋಗಿದ್ದ ದಾರಿಯಲ್ಲೇ ನೋಡುತ್ತಾ ಹೋದೆ. ಅಡುಗೆಮನೆ ಕಿಟಕಿಯ ಸಜ್ಜಾ ಕೆಳಗೆ ಯಾವಾಗಲೋ ಯಾರೋ ಎರಡು ತುಂಡು ಕೇಬಲ್ ಸೇರಿಸಿ, ತಂತಿ ತಿರುಚಿ, ಕಪ್ಪು ಟೇಪ್ ಸುತ್ತಿದ್ದರು. ಟೇಪ್ ಬಿಚ್ಚಿದರೆ ಒಳಗೆ ತೇವ. ಕಂದು ಜೋಡಿ ಹಸಿರಾಗಿ ಕಿಲುಬು ಹಿಡಿದು, ಬೆರಳು ತಾಕಿಸಿದರೆ ಉದುರುವ ಹಾಗಿತ್ತು. ಅಲ್ಲೇ ಮತ್ತೆ ಜಾಯಿಂಟ್ ಹಾಕುವುದರಲ್ಲಿ ಅರ್ಥವಿಲ್ಲ. ಹೊರಗೆ ಎಳೆಯಲು ಅಂತಲೇ ಬರುವ ಕ್ಯಾಟ್ 6 ಕೇಬಲನ್ನು ಒಂದೇ ಉದ್ದಕ್ಕೆ ತಂದೆವು. ಅಂಗಡಿಯಲ್ಲಿ ಕೇಳಿ ಪೂರ್ತಿ ತಾಮ್ರದ್ದೇ ತಗೊಳ್ಳಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇರುವುದು ಅಗ್ಗ, ಆದರೆ ಬೇಗ ತುಂಡಾಗುತ್ತೆ. ತುದಿಗೆ ಪ್ಲಗ್ ಹಾಕುವಾಗ ಬಣ್ಣಗಳ ಸಾಲು ಎರಡೂ ಕಡೆ ಒಂದೇ ಇರಬೇಕು. ನಾನು ಹಾಕುವುದು ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಪ್ಲಗ್‌ನ ತುದಿಯ ಗಾಜಿನಂಥ ಪ್ಲಾಸ್ಟಿಕ್‌ನಲ್ಲಿ ಎಂಟೂ ತಾಮ್ರದ ಚುಕ್ಕಿ ಕಂಡ ಮೇಲೆಯೇ ಕ್ರಿಂಪಿಂಗ್ ಇಕ್ಕಳ ಒತ್ತುವುದು. ಮೇಲೂ 150 ಬಂತು.

ವೈಫೈ ಬಗ್ಗೆ ಜಾಸ್ತಿ ಹೇಳಲ್ಲ, ಏಕೆಂದರೆ ನಮ್ಮಲ್ಲಿ ಅದು ದೊಡ್ಡ ವಿಷಯವಾಗಿರಲಿಲ್ಲ. ಮಹಡಿಯಲ್ಲಿ ನಮ್ಮದೇ ಇನ್ನೊಂದು ರೂಟರ್ ಇದೆ. ಅದು ತನ್ನದೇ ಬೇರೆ ನೆಟ್‌ವರ್ಕ್ ಮಾಡಿಕೊಂಡು ಕೂತಿತ್ತು. ರೂಟರ್ ತನಗೆ ಸೇರಿದ ಪ್ರತಿ ಯಂತ್ರಕ್ಕೂ ಒಂದು ನಂಬರ್ ವಿಳಾಸ ಕೊಡುತ್ತೆ. ಕೆಳಗೆ 192.168.1 ಅಂತ ಶುರುವಾಗುವ ವಿಳಾಸ, ಮೇಲೆ 192.168.0. ಕೆಳಗಿನ ಪ್ರಿಂಟರ್ ಮೇಲೆ ಕಾಣದೇ ಇದ್ದುದಕ್ಕೆ ಇದೇ ಕಾರಣ. ಮೇಲಿನ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ, ಅಂದರೆ ವೈಫೈ ಹರಡುವುದಷ್ಟೇ ಮಾಡುವ ಹಾಗೆ, ಹಾಕಿದೆ, ವಿಳಾಸ ಕೊಡುವ ಕೆಲಸ ಕೆಳಗಿನ ಪೆಟ್ಟಿಗೆಗೆ ಮಾತ್ರ ಬಿಟ್ಟೆ. ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಕೆಳಗಿನದಕ್ಕೆ ಚಾನೆಲ್ 1, ಮೇಲಿನದಕ್ಕೆ 11 ಕೊಟ್ಟೆ. ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಅಂದರೆ 1, 6, 11 ಮಾತ್ರ. ಲ್ಯಾಪ್‌ಟಾಪು, ಟಿವಿ 5 ಗಿಗಾಹರ್ಟ್ಸ್‌ಗೆ. ಅಷ್ಟೇ.

ಇನ್ನು ಸಂಜೆಯ ವಿಷಯ. ವೈರಿನಲ್ಲಿ ಸಿಕ್ಕಿಸಿದ ಲ್ಯಾಪ್‌ಟಾಪ್‌ನಲ್ಲಿ ಎರಡು ಕಿಟಕಿ ತೆಗೆದು ಎರಡು ಪಿಂಗ್ ಓಡಲು ಬಿಟ್ಟೆ. ಪಿಂಗ್ ಅಂದರೆ ಒಂದು ಸಣ್ಣ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ನೋಡುವುದು. ಒಂದು ಕೆಳಗಿನ ರೂಟರ್‌ಗೆ, ಇನ್ನೊಂದು ಹೊರಗಿನ 8.8.8.8ಕ್ಕೆ, ಅಂದರೆ ಗೂಗಲ್‌ನ ಸರ್ವರ್‌ಗೆ. ಹಂಚಿಕೊಂಡ ನೆಟ್‌ಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಮೊದಲನೆಯದು ಎಡವಿದರೆ ತೊಂದರೆ ಮನೆಯೊಳಗೆ. ಮೊದಲನೆಯದು ಚೆನ್ನಾಗಿದ್ದು ಎರಡನೆಯದು ಎಡವಿದರೆ ರೂಟರ್‌ನಿಂದಾಚೆಗೆ, ಇಲ್ಲವೇ ರೂಟರ್‌ನಿಂದ ಹೊರಗೆ ಹೋಗುವ ಬಾಗಿಲಲ್ಲೇ. ಹಗಲು ಹೊತ್ತು ರೂಟರ್ 1 ಮಿಲಿಸೆಕೆಂಡ್, ಹೊರಗೆ 15ರ ಸುತ್ತಮುತ್ತ. ಸಂಜೆ ಆರೂವರೆಗೆ ರೂಟರ್ 1ರಲ್ಲೇ ಇದೆ, ಹೊರಗಿನದು ಇದ್ದಕ್ಕಿದ್ದ ಹಾಗೆ 400, 650, 700. ಕೆಳಗಿನಿಂದ ಆಂಟಿ "ಕೇಳಿಸ್ತಿದ್ಯಾ ಪುಟ್ಟಾ?" ಅನ್ನುವುದು ಕೇಳಿಸಿತು.

ಟಿವಿ ಚೆನ್ನಾಗಿದೆ, ನಾವು ಕಳಿಸುವುದು ಮಾತ್ರ ಒಡೆಯುತ್ತಿದೆ, ಹೊರಗಿನ ಪಿಂಗ್ ಏರುತ್ತಿದೆ. ಮೂರೂ ಸೇರಿದರೆ ಒಂದೇ ಅರ್ಥ. ಅಪ್‌ಲೋಡ್ ತುಂಬಿಹೋಗಿದೆ. ನಮ್ಮ ಜನ ಸ್ಪೀಡ್ ಅಂದರೆ ಡೌನ್‌ಲೋಡ್ ಒಂದನ್ನೇ ನೋಡುತ್ತಾರೆ. 150 ಅಂತ ಪ್ಲಾನ್ ಹೆಸರಿನಲ್ಲೇ ಇರುತ್ತೆ, 30 ಅನ್ನುವುದು ಯಾರ ಕಣ್ಣಿಗೂ ಬೀಳಲ್ಲ. ಯಾವುದೋ ಒಂದು ಯಂತ್ರ ಆ 30ನ್ನೂ ಹಿಡಿದುಕೊಂಡರೆ, ಉಳಿದವರ ದನಿ, ಚಿತ್ರ ಎಲ್ಲ ರೂಟರ್ ಒಳಗೆ ಅದರ ಹಿಂದೆ ಸಾಲುಗಟ್ಟಿ ಕಾಯಬೇಕು. ದೊಡ್ಡ ಫೈಲ್‌ಗೆ ಅರ್ಧ ಸೆಕೆಂಡ್ ತಡವಾದರೆ ಏನೂ ಆಗಲ್ಲ. ಮಾತಿಗೆ ಆಗುತ್ತೆ. ಹಾಡಿಗಂತೂ ತಾಳವೇ ತಪ್ಪುತ್ತೆ. ಡೌನ್‌ಲೋಡ್ ಮಾಡುವಾಗಲೂ 'ಸಿಕ್ಕಿತು, ಮುಂದಿನದು ಕಳಿಸು' ಅಂತ ಸಣ್ಣ ಉತ್ತರಗಳು ವಾಪಸ್ ಹೋಗುತ್ತಿರಬೇಕು. ಅವೂ ಅದೇ ಸಾಲಿನಲ್ಲಿ ಸಿಕ್ಕಿಕೊಳ್ಳುವುದರಿಂದ ಡೌನ್‌ಲೋಡೂ ನಿಧಾನ ಅನ್ನಿಸುತ್ತೆ.

ಹಿಡಿದುಕೊಂಡಿರುವುದು ಯಾವುದು? ನೋಟ್ ಪುಸ್ತಕ ತಿರುವಿ ಹಾಕಿದೆ. ಆಷಾಢದಲ್ಲಿ ಒಂದೂ ದೂರು ಬರೆದಿರಲಿಲ್ಲ. ಶ್ರಾವಣ ಶುರುವಾದ ಮೇಲೆ ಒಂದರ ಹಿಂದೊಂದು. ಅದರಲ್ಲೂ ಸೋಮವಾರ, ಶುಕ್ರವಾರ ಜೋರು. ಗೋಡೆಯ ಕ್ಯಾಲೆಂಡರ್ ಪಕ್ಕ ಇಟ್ಟು ನೋಡಿದರೆ, ಎಲ್ಲವೂ ಮದುವೆ ಮುಹೂರ್ತದ ಮಾರನೇ ದಿನಗಳು. ಓನರ್ ಮಗ ಮದುವೆ ಮುಗಿಸಿ, ಮಾರನೇ ದಿನ ಸಂಜೆ ಸ್ಟುಡಿಯೋದಿಂದ ಬಂದು, ವಿಡಿಯೋಗಳನ್ನು ಎಡಿಟ್ ಮಾಡುವವರಿಗೆ ಕ್ಲೌಡ್‌ಗೆ ಹಾಕುತ್ತಾನೆ. ಒಂದು ಮದುವೆ ಅಂದರೆ 40 ಜಿಬಿ ಸುಲಭವಾಗಿ ಆಗುತ್ತೆ. 30 ಎಂಬಿಪಿಎಸ್ ಪೂರ್ತಿ ಕೊಟ್ಟರೂ ಮೂರು ಗಂಟೆ ಬೇಕು. ಆರಕ್ಕೆ ಹಚ್ಚಿದರೆ ಒಂಬತ್ತರ ತನಕ.

ಇದನ್ನು ಹೇಳುವ ರೀತಿಯೂ ರಿಪೇರಿಯ ಒಂದು ಭಾಗವೇ. ಅವನು ಮಾಡುತ್ತಿರುವುದು ತನ್ನ ಕೆಲಸ, ಅದರಲ್ಲಿ ತಪ್ಪೇನೂ ಇಲ್ಲ. ಲ್ಯಾಪ್‌ಟಾಪ್ ಹಿಡಿದುಕೊಂಡು ಕೆಳಗೆ ಹೋಗಿ, ಎಲ್ಲರೂ ಇರುವಾಗ, "ಒಂದೈದು ನಿಮಿಷ ಅಪ್‌ಲೋಡ್ ನಿಲ್ಲಿಸ್ತೀಯಾ, ಒಂದು ನೋಡ್ಬೇಕಿತ್ತು" ಅಂದೆ. ನಿಲ್ಲಿಸಿದ. ಪರದೆಯಲ್ಲಿ 680 ಇದ್ದದ್ದು ಮುಂದಿನ ಸಾಲಿಗೇ 16ಕ್ಕೆ ಬಂತು. ಮತ್ತೆ ಹಚ್ಚಿದ, ಮತ್ತೆ ಏರಿತು. ಅಂಕಲ್ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. "ಅಯ್ಯೋ ಅಕ್ಕಾ, ಮೊದ್ಲೇ ಹೇಳೋದಲ್ವಾ, ರಾತ್ರಿ ಹಾಕ್ತಿದ್ದೆ" ಅಂದ ಹುಡುಗ. ಯಾರೂ ಯಾರನ್ನೂ ದೂರುವ ಪ್ರಸಂಗವೇ ಬರಲಿಲ್ಲ.

ಈಗ ದೊಡ್ಡ ಅಪ್‌ಲೋಡ್ ರಾತ್ರಿ ಹನ್ನೊಂದಕ್ಕೆ ತಾನಾಗಿ ಶುರುವಾಗುತ್ತೆ, ಎರಡು ಗಂಟೆ ಹೊತ್ತಿಗೆ ಮುಗಿದಿರುತ್ತೆ. ಹಗಲಲ್ಲಿ ಅವನಿಗೆ ತುರ್ತಾಗಿ ಏನಾದರೂ ಕಳಿಸಬೇಕಾದರೂ ನಮಗೆ ತೊಂದರೆಯಿಲ್ಲ. ರೂಟರ್‌ನ ಬ್ಯಾಂಡ್‌ವಿಡ್ತ್ ಕಂಟ್ರೋಲ್ ಪುಟದಲ್ಲಿ ಅವನ ಕಂಪ್ಯೂಟರ್‌ಗೆ ಅಪ್‌ಲೋಡ್ 15 ಎಂಬಿಪಿಎಸ್ ಮಿತಿ ಹಾಕಿದ್ದೇವೆ, ರಾತ್ರಿ ಅದನ್ನು ತೆಗೆಯುವ ಟೈಮ್ ಕೂಡ ಅಲ್ಲೇ ಕೊಟ್ಟಿದೆ. ಮಿತಿ ನಿಲ್ಲಬೇಕಾದರೆ ಆ ಕಂಪ್ಯೂಟರ್‌ಗೆ ಯಾವಾಗಲೂ ಒಂದೇ ವಿಳಾಸ ಸಿಗುವ ಹಾಗೆ ಮಾಡಬೇಕು, ಇಲ್ಲದಿದ್ದರೆ ರೂಟರ್ ಆಫ್ ಆಗಿ ಬಂದ ಮೇಲೆ ಮಿತಿ ಇನ್ಯಾರದೋ ಫೋನ್ ಮೇಲೆ ಕೂತಿರುತ್ತೆ. ಎಲ್ಲರ ಫೋನ್‌ಗಳ ಫೋಟೋ ಬ್ಯಾಕಪ್ಪನ್ನೂ ಚಾರ್ಜಿಗೆ ಹಾಕಿದಾಗ ಮಾತ್ರ ಅಂತ ಬದಲಾಯಿಸಿದೆವು.

ಆಪರೇಟರ್ ಕಡೆಯ ಹುಡುಗ ಮೊನ್ನೆ ಬಂದಾಗ, ಅಪ್‌ಲೋಡೂ ಡೌನ್‌ಲೋಡೂ ಎರಡೂ 150 ಇರುವ ಪ್ಲಾನ್ ಇದೆ ಅಂತ ಹೇಳಿ ಹೋದ. ಬಿಲ್ಲು ಸ್ವಲ್ಪ ಜಾಸ್ತಿ. ವ್ಯತ್ಯಾಸದ ದುಡ್ಡು ತಾನೇ ಹಾಕ್ತೀನಿ ಅಂತ ಓನರ್ ಮಗ ಹೇಳಿದ್ದಾನೆ, ಬೇಡ ಮೂರು ಪಾಲು ಮಾಡೋಣ ಅಂತ ಆಂಟಿ. ಮುಂದಿನ ರೀಚಾರ್ಜ್ ಹೊತ್ತಿಗೆ ತೀರ್ಮಾನ ಆಗಬೇಕು.